ಭತ್ಯೆಯಿಂದ ದುಡಿಮೆಗೆ: ಯುವನಿಧಿಯ ನಂತರದ ದಾರಿ ಯಾವುದು?

ಬ್ರಹ್ಮಾವರ: ಊರಿನಲ್ಲಿ ಕೆಲಸ ಸಿಗದಿದ್ದರೆ ಮುಂಬಯಿಯ ಬಸ್ಸು ಹತ್ತುವುದು ಕರಾವಳಿಯ ಹಳೆಯ ಪದ್ಧತಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಬದುಕು ಕಟ್ಟಿಕೊಂಡ ತಲೆಮಾರಿಗೆ ನಿರುದ್ಯೋಗ ಭತ್ಯೆ ಎಂಬುದು ಅಪರಿಚಿತ ಮಾತಾಗಿತ್ತು. ಆದರೆ 2024ರ ಜನವರಿಯಿಂದೀಚೆಗೆ ಪದವೀಧರರಿರುವ ಮನೆಗಳಲ್ಲಿ ಆ ಮಾತು ಸಾಮಾನ್ಯವಾಗಿದೆ. ಬಾರಕೂರು, ಕೋಟ ಪಡುಕೆರೆಯ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು, ಬ್ರಹ್ಮಾವರದ ಕ್ರಾಸ್‌ಲ್ಯಾಂಡ್ ಕಾಲೇಜು ಮುಂತಾದೆಡೆ ಓದಿ ಹೊರಬಂದವರು ಕೆಲಸ ಸಿಗುವ ತನಕ ರಾಜ್ಯ ಸರಕಾರದ ‘ಯುವನಿಧಿ’ಗೆ ಅರ್ಜಿ ಸಲ್ಲಿಸಬಹುದಾಗಿದೆ.

ಭತ್ಯೆ ಸಿಗುವುದು ಗರಿಷ್ಠ ಎರಡು ವರ್ಷ. ಮೊದಲ ಕಂತನ್ನೇ ಪಡೆದವರಿಗೆ ಈ ಅವಧಿ 2025ರ ಕೊನೆಗೆ ಮುಗಿಯುವ ಲೆಕ್ಕ. ಹಾಗಾಗಿ ಭತ್ಯೆಯಿಂದ ದುಡಿಮೆಗೆ ದಾಟುವ ಸೇತುವೆ ಎಲ್ಲಿದೆ, ಅದು ಎಷ್ಟು ಗಟ್ಟಿಯಾಗಿದೆ ಎಂಬ ಪ್ರಶ್ನೆ ಈಗ ಮುಖ್ಯವಾಗುತ್ತದೆ.

ಯಾರಿಗೆ, ಎಷ್ಟು?

2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ನೀಡಿದ್ದ ಐದು ಗ್ಯಾರಂಟಿಗಳ ಪೈಕಿ ಕೊನೆಯದಾಗಿ ಜಾರಿಗೆ ಬಂದದ್ದು ಯುವನಿಧಿ. 2023ರ ಡಿಸೆಂಬರ್ 26ರಂದು ನೋಂದಣಿ ಆರಂಭವಾಯಿತು. ವಿವೇಕಾನಂದ ಜಯಂತಿಯ ದಿನವಾದ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಹಣ ಪಾವತಿಗೆ ಚಾಲನೆ ನೀಡಿದರು. 2022-23ನೇ ಸಾಲಿನಲ್ಲಿ ತೇರ್ಗಡೆಯಾದವರಿಗೆಂದು ಆರಂಭವಾದ ಯೋಜನೆಯನ್ನು ಬಳಿಕ 2023-24ರಲ್ಲಿ ತೇರ್ಗಡೆಯಾದವರಿಗೂ ವಿಸ್ತರಿಸಲಾಯಿತು.

ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. 24 ತಿಂಗಳು ತಪ್ಪದೆ ಪಡೆದರೆ ಪದವೀಧರರಿಗೆ ಒಟ್ಟು 72,000 ರೂ., ಡಿಪ್ಲೊಮಾದವರಿಗೆ 36,000 ರೂ. ಆಗುತ್ತದೆ. ಅರ್ಜಿ ಸಲ್ಲಿಸಬೇಕಾದುದು ಸೇವಾಸಿಂಧು ಮೂಲಕ. ಅರ್ಜಿದಾರರು ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ವ್ಯಾಸಂಗ ಮಾಡಿರಬೇಕು.

ಉನ್ನತ ವ್ಯಾಸಂಗ ಮುಂದುವರಿಸುತ್ತಿರುವವರು, ವೇತನ ಪಡೆದು ಅಪ್ರೆಂಟಿಸ್ ತರಬೇತಿಯಲ್ಲಿರುವವರು, ಸರಕಾರಿ ಅಥವಾ ಖಾಸಗಿ ಉದ್ಯೋಗ ಪಡೆದವರು ಹಾಗೂ ಸರಕಾರದ ಯೋಜನೆ ಅಥವಾ ಬ್ಯಾಂಕ್ ಸಾಲದಿಂದ ಸ್ವಯಂ ಉದ್ಯೋಗ ಕೈಗೊಂಡವರು ಅರ್ಹರಲ್ಲ. ಕಡೆಯ ಈ ಷರತ್ತು ಮೇಲ್ನೋಟಕ್ಕೆ ಸಹಜವೆನಿಸಿದರೂ ಭತ್ಯೆಯಿಂದ ದುಡಿಮೆಗೆ ದಾಟುವ ಸಮಸ್ಯೆಯ ಮೂಲ ಅಲ್ಲಿಯೇ ಇದೆ.

ಷರತ್ತಿನ ತಿರುಳು

ನಿರುದ್ಯೋಗ ಭತ್ಯೆಗೆ ಷರತ್ತು ವಿಧಿಸುವುದು ಹೊಸದಲ್ಲ. ಬ್ರಿಟನ್‌ನಲ್ಲಿ ಭತ್ಯೆ ಪಡೆಯುವವರು ಕೆಲಸ ಹುಡುಕುತ್ತಿರುವುದಕ್ಕೆ ಪುರಾವೆ ನೀಡಬೇಕು, ತಪ್ಪಿದರೆ ಭತ್ಯೆ ಕಡಿತವಾಗುತ್ತದೆ. ಅಮೆರಿಕವು 1996ರ ಕಾನೂನಿನ ಮೂಲಕ ಬಡ ಕುಟುಂಬಗಳ ನಗದು ನೆರವನ್ನು ದುಡಿಮೆಯೊಂದಿಗೆ ಜೋಡಿಸಿತು. ಭತ್ಯೆ ಬೇಕಿದ್ದರೆ ಕೆಲಸದತ್ತ ಹೆಜ್ಜೆ ಇಡಬೇಕೆಂಬುದು ಅಲ್ಲಿನ ನೀತಿ. ಈ ನೀತಿ ಅತಿಗೆ ಹೋದದ್ದೂ ಉಂಟು. ಭತ್ಯೆದಾರರನ್ನು ಸಂಬಳವಿಲ್ಲದ ಕೆಲಸಕ್ಕೆ ಕಳುಹಿಸಲು ಬ್ರಿಟಿಷ್ ಸರಕಾರ 2011ರಲ್ಲಿ ರೂಪಿಸಿದ್ದ ನಿಯಮಗಳು ಊರ್ಜಿತವಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ನೀಡಿತು.

ನಮ್ಮ ದೇಶದ ಗ್ರಾಮೀಣ ಉದ್ಯೋಗ ಖಾತರಿ ಇದಕ್ಕೆ ತದ್ವಿರುದ್ಧವಾಗಿತ್ತು. 2005ರ ಕಾಯ್ದೆಯಲ್ಲಿ ಮೊದಲು ಕೆಲಸ, ಆಮೇಲೆ ಭತ್ಯೆ. ಬೇಡಿಕೆ ಸಲ್ಲಿಸಿದ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಬಳಿಕ ಕನಿಷ್ಠ ಅರ್ಧ ಭಾಗವನ್ನು ನಿರುದ್ಯೋಗ ಭತ್ಯೆಯಾಗಿ ನೀಡಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಬದಲಿಗೆ 125 ದಿನಗಳ ಕೆಲಸದ ಭರವಸೆ ನೀಡುವ ಹೊಸ ಕಾಯ್ದೆಯನ್ನು ಅಂಗೀಕರಿಸಿತು.

ಯುವನಿಧಿ ಇವೆರಡಕ್ಕೂ ಸೇರದು. ಫಲಾನುಭವಿ ಕೆಲಸ ಹುಡುಕುತ್ತಿದ್ದಾನೆಯೇ ಎಂದು ಅದು ಕೇಳುವುದಿಲ್ಲ. ಬದಲಾಗಿ ತನಗೆ ಕೆಲಸವಿಲ್ಲ, ತಾನು ವ್ಯಾಸಂಗ ಮಾಡುತ್ತಿಲ್ಲ, ಸ್ವಯಂ ಉದ್ಯೋಗಿಯೂ ಅಲ್ಲ ಎಂದು ಆತ ಘೋಷಿಸಬೇಕು. ಯೋಜನೆ ಆರಂಭವಾದಾಗ ಪ್ರತಿ ತಿಂಗಳು 25ರೊಳಗೆ ಈ ಸ್ವಯಂ ಘೋಷಣೆ ಸಲ್ಲಿಸಬೇಕೆಂಬ ನಿಯಮವಿತ್ತು. ಘೋಷಣೆ ಮರೆತವರಿಗೆ ಹಣ ಬಾರದು, ಸುಳ್ಳು ಘೋಷಣೆ ನೀಡಿದರೆ ದಂಡ ತೆರಬೇಕು. ಅಂದರೆ ಭತ್ಯೆ ಉಳಿಯಬೇಕಿದ್ದರೆ ‘ಏನೂ ಮಾಡುತ್ತಿಲ್ಲ’ ಎಂಬ ಸ್ಥಿತಿಯೂ ಉಳಿಯಬೇಕು. ಫಲಾನುಭವಿಗಳಿಗೆ ಕೌಶಲ ತರಬೇತಿ ನೀಡಲು ‘ಯುವನಿಧಿ ಪ್ಲಸ್’ ಹೆಸರಿನಲ್ಲಿ ಸರಕಾರ ಮುಂದಾದದ್ದು ಈ ಕೊರತೆಯನ್ನು ತುಂಬುವ ಉದ್ದೇಶದಿಂದಲೇ. ಆದರೆ ತರಬೇತಿ ಪಡೆದವರು ಅಂಗಡಿ ತೆರೆದ ದಿನ ಏನಾಗುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಊರಿನಲ್ಲೇ ಇರುವ ಮಾದರಿ

ಭತ್ಯೆಯ ಹಂಗಿಲ್ಲದೆ ನಿರುದ್ಯೋಗಿಗಳನ್ನು ದುಡಿಮೆಗೆ ಹಚ್ಚುವ ಸಂಸ್ಥೆಯೊಂದು ಬ್ರಹ್ಮಾವರದಲ್ಲೇ ಇದೆ. ಅದುವೇ ರುಡ್‌ಸೆಟ್. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್ ಒಟ್ಟುಗೂಡಿ 1982ರಲ್ಲಿ ಉಜಿರೆಯಲ್ಲಿ ಮೊದಲ ಸಂಸ್ಥೆಯನ್ನು ತೆರೆದವು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ರುಡ್‌ಸೆಟ್ ಮಾದರಿ ಫಲ ನೀಡಿದ್ದನ್ನು ಕಂಡ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಪ್ರತಿ ಜಿಲ್ಲೆಗೊಂದರಂತೆ ಇಂತಹ ಸಂಸ್ಥೆ ತೆರೆಯುವ ಯೋಜನೆಯನ್ನು ಕೈಗೆತ್ತಿಕೊಂಡಿತು.

ಊಟ, ವಸತಿ, ತರಬೇತಿ ಎಲ್ಲವೂ ಇಲ್ಲಿ ಉಚಿತ. ಕೆಲವು ದಿನಗಳಿಂದ ಹಿಡಿದು ಕೆಲವು ವಾರಗಳವರೆಗಿನ ತರಬೇತಿಗಳಿವೆ. ಹೊಲಿಗೆ, ಮೊಬೈಲ್ ರಿಪೇರಿ, ವಿದ್ಯುತ್ ವೈರಿಂಗ್, ಬ್ಯೂಟಿ ಪಾರ್ಲರ್, ಹೈನುಗಾರಿಕೆ ಮುಂತಾದವು ಇಂತಹ ಸಂಸ್ಥೆಗಳಲ್ಲಿ ಸಾಮಾನ್ಯ. ತರಬೇತಿ ಮುಗಿದ ಬಳಿಕ ಸುಮಾರು ಎರಡು ವರ್ಷ ಅಭ್ಯರ್ಥಿಯ ಬೆನ್ನಿಗೆ ನಿಂತು ಬ್ಯಾಂಕ್ ಸಾಲ ದೊರಕಿಸಲು, ಉದ್ಯಮ ನೆಲೆಗೊಳಿಸಲು ನೆರವಾಗುವುದು ಈ ಮಾದರಿಯ ಹೆಗ್ಗಳಿಕೆ.

ಯುವನಿಧಿಯ ಅವಧಿಯೂ ಎರಡು ವರ್ಷ, ರುಡ್‌ಸೆಟ್ ಜೊತೆ ನಿಲ್ಲುವುದೂ ಎರಡು ವರ್ಷ. ಒಂದು ಹಣ ಕೊಡುತ್ತದೆ, ದಾರಿ ತೋರಿಸುವುದಿಲ್ಲ. ಇನ್ನೊಂದು ದಾರಿ ತೋರಿಸುತ್ತದೆ, ಅಂಗಡಿಗೆ ಗಿರಾಕಿ ಬರುವ ತನಕ ಖರ್ಚಿಗೆ ಹಣ ಕೊಡುವುದಿಲ್ಲ.

ಒಂದು ಸರಳ ಲೆಕ್ಕ

ಬ್ರಹ್ಮಾವರ ತಾಲೂಕಿನ ಹಳ್ಳಿಯೊಂದರ ಬಿ.ಕಾಂ. ಪದವೀಧರೆ ಹೊಲಿಗೆ ಘಟಕ ತೆರೆಯಬಯಸುತ್ತಾಳೆ ಎಂದಿಟ್ಟುಕೊಳ್ಳೋಣ. ಯೋಜನಾ ವೆಚ್ಚ 5 ಲಕ್ಷ ರೂ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ 2022ರ ಪರಿಷ್ಕೃತ ನಿಯಮದಂತೆ ಗ್ರಾಮೀಣ ಮಹಿಳೆಗೆ ಶೇ. 35 ಸಹಾಯಧನವಿದ್ದು, ಆಕೆ ಹಾಕಬೇಕಾದ ಸ್ವಂತ ಬಂಡವಾಳ ಶೇ. 5. ಅಂದರೆ ಸ್ವಂತದ್ದು 25,000 ರೂ., ಬ್ಯಾಂಕಿನಿಂದ 4.75 ಲಕ್ಷ ರೂ. ಸಹಾಯಧನದ 1.75 ಲಕ್ಷ ರೂ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಆ ಬಳಿಕ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಆಕೆ ವಾಸ್ತವವಾಗಿ ತೀರಿಸಬೇಕಾದ ಸಾಲ 3 ಲಕ್ಷ ರೂ. ಶೇ. 11ರ ಬಡ್ಡಿ, ಐದು ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು 6,500 ರೂ.

ಒಂಬತ್ತು ತಿಂಗಳ ಯುವನಿಧಿಯನ್ನು ಕೂಡಿಟ್ಟರೆ 27,000 ರೂ. ಆಗುತ್ತದೆ, ಸ್ವಂತ ಬಂಡವಾಳಕ್ಕೆ ಅದು ಸಾಕು. ಇಲ್ಲಿಯವರೆಗೆ ಭತ್ಯೆ ಆಕೆಯ ಪಾಲಿಗೆ ನಿಜವಾದ ಆಸರೆ. ಆದರೆ ಸಾಲ ಪಡೆದು ಘಟಕ ತೆರೆದೊಡನೆ ಭತ್ಯೆ ನಿಲ್ಲುತ್ತದೆ. ಬಾಡಿಗೆ, ವಿದ್ಯುತ್ ಬಿಲ್ಲು, ಸಾಲದ ಕಂತು ಒಂದೊಂದಾಗಿ ಎದುರಾಗುವ, ಗಿರಾಕಿಗಳು ಇನ್ನೂ ಬಾರದ ಆ ಮೊದಲ ತಿಂಗಳುಗಳಲ್ಲೇ 3,000 ರೂ. ಕೈತಪ್ಪುತ್ತದೆ. ಉಳಿದ ಹದಿನೈದು ತಿಂಗಳ 45,000 ರೂ. ಮನೆಯಲ್ಲೇ ಕುಳಿತಿದ್ದರೆ ದೊರೆಯುತ್ತಿತ್ತು, ದುಡಿಯಹೊರಟದ್ದರಿಂದ ಇಲ್ಲವಾಯಿತು!

ಈ ಲೆಕ್ಕ ಹಾಕಿದವರು ಎರಡು ವರ್ಷ ಪೂರ್ತಿ ಕಾಯುವುದೇ ಲೇಸೆಂದು ತೀರ್ಮಾನಿಸಿದರೆ ಅವರನ್ನು ದೂರುವಂತಿಲ್ಲ. ಆದರೆ ಪದವಿ ಮುಗಿಸಿದ ಮೊದಲ ಎರಡು ವರ್ಷಗಳೇ ಕಲಿಯುವ, ಎಡವಿ ಏಳುವ ವರ್ಷಗಳು. ಹಾಗೆ ಕಳೆದ ಕಾಲ ಮರಳಿ ಬಾರದು.

ಪರಿಹಾರವಿದೆಯೇ?

ಬ್ರಿಟನ್‌ನ ಯೂನಿವರ್ಸಲ್ ಕ್ರೆಡಿಟ್ ವ್ಯವಸ್ಥೆಯಲ್ಲಿ ಸಂಪಾದನೆ ಆರಂಭವಾದೊಡನೆ ನೆರವು ಪೂರ್ತಿ ನಿಲ್ಲುವುದಿಲ್ಲ. 2021ರಿಂದ ಪ್ರತಿ ಒಂದು ಪೌಂಡ್ ನಿವ್ವಳ ಗಳಿಕೆಗೆ 55 ಪೆನ್ಸ್‌ನಂತೆ ಕಡಿಮೆಯಾಗುತ್ತ ಬರುತ್ತದೆ. ಹೊಸದಾಗಿ ಸ್ವಯಂ ಉದ್ಯೋಗ ಆರಂಭಿಸಿದವರಿಗೆ ನೆಲೆಗೊಳ್ಳಲು 12 ತಿಂಗಳ ಅವಕಾಶವೂ ಇದೆ. ಷರತ್ತಿನ ಕಾಠಿಣ್ಯಕ್ಕೆ ಹೆಸರಾದ ದೇಶವೇ ಇಷ್ಟು ಸಡಿಲಿಕೆ ಇಟ್ಟುಕೊಂಡಿದೆ ಎಂಬುದು ಗಮನಾರ್ಹ.

ನಮ್ಮಲ್ಲಿ ಅಷ್ಟು ಜಟಿಲ ವ್ಯವಸ್ಥೆ ಬೇಕಿಲ್ಲ. ಮಾನ್ಯತೆ ಪಡೆದ ತರಬೇತಿ ಮುಗಿಸಿ, ಬ್ಯಾಂಕ್ ಸಾಲದಿಂದ ಉದ್ಯಮ ತೆರೆದವರಿಗೆ 24 ತಿಂಗಳ ಪೈಕಿ ಉಳಿದ ತಿಂಗಳುಗಳ ಭತ್ಯೆಯನ್ನು ಮುಂದುವರಿಸಿದರೆ ಸಾಕು. ಆ ಹಣ ಸರಕಾರ ಈಗಾಗಲೇ ಕೊಡುವೆನೆಂದಿರುವ ಮಿತಿಯೊಳಗೇ ಇರುತ್ತದೆ. ಕೆಲಸವಿದ್ದವರಿಗೆ ಭತ್ಯೆ ಏಕೆಂಬ ಆಕ್ಷೇಪ ಬರಬಹುದು. ದುರುಪಯೋಗದ ಭಯವೂ ಸುಳ್ಳಲ್ಲ. ಆದರೆ ಕೆಲಸವಿಲ್ಲ ಎಂಬ ಘೋಷಣೆಯನ್ನು ಪರಿಶೀಲಿಸುವುದಕ್ಕಿಂತ ಸಾಲ ಮಂಜೂರಾಗಿ ಘಟಕ ನಡೆಯುತ್ತಿದೆ ಎಂಬುದನ್ನು ಪರಿಶೀಲಿಸುವುದು ಸುಲಭ. ಬ್ಯಾಂಕಿನ ಖಾತೆಯೇ ಅದಕ್ಕೆ ಸಾಕ್ಷಿ.

ಅಲ್ಲಿಯವರೆಗೆ ಫಲಾನುಭವಿಗಳು ಮಾಡಬಹುದಾದುದು ಇಷ್ಟು: ಕೆಲವು ವಾರಗಳ ಕಿರು ತರಬೇತಿಯು ಅನರ್ಹತೆಯ ಪಟ್ಟಿಯಲ್ಲಿಲ್ಲ, ಆದ್ದರಿಂದ ಭತ್ಯೆ ಬರುತ್ತಿರುವಾಗಲೇ ಅದನ್ನು ಮುಗಿಸಿಕೊಳ್ಳುವುದು ಜಾಣತನ. ಸ್ವಯಂ ಘೋಷಣೆಯ ಗಡುವನ್ನು ಮರೆಯಬಾರದು. ಕೆಲಸ ಅಥವಾ ಸಾಲ ದೊರೆತ ಬಳಿಕ ಹಳೆಯ ಘೋಷಣೆಯನ್ನೇ ಮುಂದುವರಿಸಬಾರದು. ಸಂದೇಹಗಳಿದ್ದರೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ವಿಚಾರಿಸಬಹುದು.

ಮುಂಬಯಿಯ ಬಸ್ಸು ಈಗಲೂ ಪ್ರತಿದಿನ ಹೆದ್ದಾರಿಯಲ್ಲಿ ಹಾದುಹೋಗುತ್ತದೆ. ಅದನ್ನು ಹತ್ತುವುದು ತಪ್ಪಲ್ಲ. ಊರಿನಲ್ಲೇ ಉಳಿದು ದುಡಿಯಬಯಸುವವರಿಗೆ ಮಾತ್ರ, ದುಡಿಯಹೊರಟ ದಿನವೇ ಆಸರೆ ತಪ್ಪುವಂತಾಗಬಾರದು.