ಕುಂಡದ ಗಿಡಕ್ಕೆ ಹೊಲದ ಎಣ್ಣಿ ಬ್ಯಾಡ

ಎರಿ ಹೊಲದಲ್ಲಿ ಜೋಳ, ತೊಗರಿ, ಕಡಲಿ ಬೆಳೆಯುವವನು ಹೂಕುಂಡದ ಬಗ್ಗೆ ಬರೆಯುವುದೇನು ಎಂದು ಕೆಲವರಿಗೆ ನಗು ಬಂದೀತು. ಬರಲಿ. ನಮ್ಮ ಕಡೆ ಈಗ ಮನೆಗೊಬ್ಬರಾದರೂ ಪ್ಯಾಟಿ ಸೇರಿದ್ದಾರೆ. ಹೊಲ ಬಿಟ್ಟು ಹೋದರೂ ಮಣ್ಣಿನ ಚಟ ಬಿಡುವುದಿಲ್ಲ. ಮಾಳಿಗಿ ಮೇಲೆ, ಪಾವಟಿಗಿ ಮೇಲೆ ನಾಲ್ಕು ಕುಂಡ ಇಟ್ಟುಕೊಳ್ಳುತ್ತಾರೆ. ಆ ಕುಂಡಕ್ಕೆ ಹುಳ ಬಿದ್ದಾಗ ಔಷಧ ಕೇಳುವುದು ಊರಲ್ಲಿರುವ ನಮ್ಮನ್ನೇ. ಆಗ ನಾವು ಏನು ಕೊಡುತ್ತೇವೆ, ಏನು ಕೊಡಬಾರದು ಎಂಬುದು ಸಣ್ಣ ಮಾತಲ್ಲ.

ವಿಜಯಪುರದ ಜಲನಗರದಲ್ಲಿ ನನ್ನ ಮಗಳ ಮನೆ. ಹದಿನೆಂಟು ಕುಂಡ ಇಟ್ಟಿದ್ದಾಳೆ. ಅದರಲ್ಲಿ ಅರ್ಧ ಕುಂಡವಲ್ಲ, ಒಡೆದ ಬಕೀಟು ಮತ್ತು ಬಣ್ಣದ ಡಬ್ಬಿ. ದಾಸವಾಳ, ಕರಿಬೇವು, ತುಳಸಿ, ಲಿಂಬಿ, ಗುಲಾಬಿ, ಮಲ್ಲಿಗಿ, ಮನೆಯೊಳಗೆ ಮನಿಪ್ಲಾಂಟ್. ಶಿವರಾತ್ರಿ ಮುಗಿದು ಬಿಸಿಲು ಏರುವ ಹೊತ್ತಿಗೆ ಫೋನ್ ಮಾಡಿದಳು.

“ಯಪ್ಪಾ, ದಾಸವಾಳಕ್ಕ ಬಿಳೇ ಹುಳ ಹತ್ತ್ಯಾವ. ಬರೋವಾಗ ತೊಗರಿಗೆ ಹೊಡಿಯೋ ಎಣ್ಣಿ ಒಂದೀಟು ಸಣ್ಣ ಬಾಟ್ಲ್ಯಾಗ ಹಾಕ್ಕೊಂಡು ಬಾ.”

“ಎಣ್ಣಿ ತರಂಗಿಲ್ಲವ್ವಾ. ನಾನಾ ಬರ್ತೀನಿ, ಮೊದಲ ನೋಡೂಣು” ಅಂದೆ.

ಬೇರೆ ಸೀಮೆಯ ಓದುಗರಿಗೆ ತಿಳಿಯಲೆಂದು ಹೇಳುತ್ತೇನೆ, ನಮ್ಮಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಅನ್ನುತ್ತಾರೆ. ಒಗ್ಗರಣೆಗೂ ಎಣ್ಣಿ, ವಿಷಕ್ಕೂ ಎಣ್ಣಿ. ಹೆಸರು ಒಂದೇ ಆದ ಮೇಲೆ ಬಾಟಲಿಯೂ ಒಂದೇ ಆದರೆ ಏನಾಗುತ್ತದೆ? 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡಿಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿತ್ತು. ತರಕಾರಿ ಬೆಳೆಗೆ ಅದನ್ನು ಬಳಸಬಾರದೆಂದು ಸರ್ಕಾರ 2005ರಲ್ಲೇ ಹೇಳಿತ್ತು. ಆದರೂ ಹಳ್ಳಿಯ ಮನೆಗಳಲ್ಲಿ ಅದು ಇದ್ದೇ ಇತ್ತು.

ಹೊಲದಲ್ಲಿ ಡಬ್ಬಿಯ ಮೇಲೆ ತ್ರಿಕೋನ ಗುರುತು ಇರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ಕಡುಪು ಗೊತ್ತಾಗುತ್ತದೆ. ಅದೇ ವಿಷವನ್ನು ಕೆಮ್ಮಿನ ಔಷಧದ ಬಾಟಲಿಗೋ ನೀರಿನ ಬಾಟಲಿಗೋ ಸುರಿದು ಪ್ಯಾಟಿಗೆ ಒಯ್ದರೆ ಗುರುತೂ ಇಲ್ಲ, ಹೆಸರೂ ಇಲ್ಲ. ಅಡಿಗೆ ಮನೆಯ ಕಿಟಕಿಯಲ್ಲಿ ಕೂತಿರುತ್ತದೆ. ಅಳತೆಯ ಮಾತೂ ಬೇರೆ. ಎಕರೆಗೆ ಇಷ್ಟು, ಪಂಪಿಗೆ ಇಷ್ಟು ಎಂದು ಬರೆದದ್ದನ್ನು ಒಂದು ಕುಂಡಕ್ಕೆ ಅಳೆಯುವುದು ಹೇಗೆ? ಮುಚ್ಚಳದಲ್ಲಿ ಅಂದಾಜು ಹಾಕುತ್ತಾರೆ. ಗಿಡದ ರಸದೊಳಗೇ ಸೇರುವ ಅಂತರ್ವ್ಯಾಪಿ ವಿಷವಾದರೆ ಕರಿಬೇವಿನ ಎಲೆಯನ್ನು ಎಷ್ಟು ತೊಳೆದರೂ ಹೋಗುವುದಿಲ್ಲ. ಮಗಳ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗ ಹೋಗುತ್ತ ಬರುತ್ತ ತುಳಸಿ ಎಲೆ ಹರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಎಣ್ಣಿ ಒಯ್ಯಲಿಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ.

ಹೋಗಿ ನೋಡಿದೆ. ದಾಸವಾಳದ ಕುಡಿಯೆಲ್ಲ ಮುದುಡಿ ಗಂಟು ಕಟ್ಟಿತ್ತು. ಗಂಟಿನ ಒಳಗೆ ಹತ್ತಿ ಅಂಟಿಸಿದ ಹಾಗೆ ಬಿಳಿ. ಅದು ಹಿಟ್ಟು ತಿಗಣೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿಯವರಿಗೆ ಇದರ ಪರಿಚಯ ಹೇಳಬೇಕಿಲ್ಲ. ದ್ರಾಕ್ಷಿ ಗೊನೆಯೊಳಗೆ ಕೂತು ಅಂಟು ಮಾಡುವ ಗುಲಾಬಿ ಮೈಯ ಹಿಟ್ಟು ತಿಗಣೆಗೆ ದಾಸವಾಳವೂ ತವರು ಮನೆ ಇದ್ದಂತೆ. ಹಿಟ್ಟು ಒರೆಸಿ ಉಗುರಿನಿಂದ ಒತ್ತಿದರೆ ಕೆಂಪು ರಸ ಬರುತ್ತದೆ. ಒಂದು ಹೆಣ್ಣು ಹತ್ತಿಯಂಥ ಚೀಲದಲ್ಲಿ ನೂರಾರು ತತ್ತಿ ಇಡುತ್ತದೆ. ಮೈ ಮೇಲೆ ಮೇಣದ ಹಿಟ್ಟು ಇರುವುದರಿಂದ ಮೇಲೆ ಹೊಡೆದ ಔಷಧ ಜಾರಿ ಹೋಗುತ್ತದೆ. ದ್ರಾಕ್ಷಿ ಬೆಳೆಯುವವರೇ ಸಾವಿರಾರು ರೂಪಾಯಿ ಸುರಿದು ಸೋಲುವ ಹುಳ ಇದು, ಕುಂಡದಲ್ಲಿ ಒಂದು ಮುಚ್ಚಳ ಎಣ್ಣಿಗೆ ಹೋದೀತೇ?

ಆದರೆ ಕುಂಡಕ್ಕೆ ಒಂದು ಅನುಕೂಲ ಇದೆ. ಹೊಲದಲ್ಲಿ ಸಾವಿರ ಗಿಡ, ಇಲ್ಲಿ ಹದಿನೆಂಟು. ಕೈ ಸಾಕು, ಕಣ್ಣು ಸಾಕು. ಗಂಟು ಕಟ್ಟಿದ ಕುಡಿಗಳನ್ನು ಕತ್ತರಿಯಿಂದ ಕತ್ತರಿಸಿ ನೇರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ, ಆಮೇಲೆ ಸುಟ್ಟೆ. ಕತ್ತರಿಸಿದ್ದನ್ನು ಕುಂಡದ ಬುಡದಲ್ಲೇ ಒಗೆದರೆ ಮರಿಗಳು ಮತ್ತೆ ಹತ್ತುತ್ತವೆ. ಕಾಂಡದ ಸಂದಿಯಲ್ಲಿ ಉಳಿದದ್ದನ್ನು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಸಾಬೂನು ನೀರು ಹಚ್ಚಿ ತಿಕ್ಕಿದೆ. ಎಲ್ಲೋ ಒಂದೆರಡು ಇದ್ದರೆ, ಇಂಜೆಕ್ಷನ್ ಮಾಡುವಾಗ ಒರೆಸುವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಮುಟ್ಟಿಸಿದರೆ ಮೇಣ ಕರಗಿ ಹುಳ ಸಾಯುತ್ತದೆ. ಸ್ಪಿರಿಟ್ಟನ್ನು ಗಿಡಕ್ಕೆಲ್ಲ ಸುರಿಯಬಾರದು, ಎಲೆ ಸುಡುತ್ತದೆ.

ಇದಿಷ್ಟೇ ಮಾಡಿದರೆ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ. ಯಾಕೆಂದರೆ ಕಾಂಡದ ಮೇಲೆ ಇರುವೆಗಳ ಸಾಲು. ಮಗಳು, “ಇರಿವಿ ಏನ್ ಮಾಡ್ತಾವ ಬಿಡಪ್ಪಾ, ಪಾಪ” ಅಂದಳು. ಪಾಪದ ಇರುವೆಯೇ ಇಲ್ಲಿ ದನಗಾಹಿ. ತಿಗಣೆ ಗಿಡದ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಬಿಡುತ್ತದೆ. ಆ ಸಿಹಿಗಾಗಿ ಇರುವೆಗಳು ತಿಗಣೆಯನ್ನು ಕಾಯುತ್ತವೆ. ತಿನ್ನಲು ಬಂದ ಬೇರೆ ಹುಳಗಳನ್ನು ಕಚ್ಚಿ ಓಡಿಸುತ್ತವೆ, ಮರಿಗಳನ್ನು ಕುಡಿಯಿಂದ ಕುಡಿಗೆ ಸಾಗಿಸುವುದೂ ಉಂಟು. ಎಲೆಯ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪಾಗುವುದೂ ಆ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟಿನಿಂದ.

ಇರುವೆಗೆ ವಿಷ ಬೇಡ. ಬೆಲ್ಲದ ಡಬ್ಬಿ ಕಾಪಾಡಲು ನಮ್ಮ ಅವ್ವ ಮಾಡುತ್ತಿದ್ದ ಉಪಾಯ ಸಾಕು. ಅಗಲ ತಾಟಿನಲ್ಲಿ ನೀರು ಹಾಕಿ, ನಡುವೆ ಮೂರು ಕಲ್ಲು ಇಟ್ಟು, ಕಲ್ಲಿನ ಮೇಲೆ ಕುಂಡ ಕೂರಿಸಿದೆವು. ಗಿಡದ ಎಲೆ ಗೋಡೆಗೆ, ಬಾಜೂ ಗಿಡಕ್ಕೆ ತಾಗಬಾರದು. ತಾಗಿದರೆ ಇರುವೆಗೆ ಅದೇ ಸೇತುವೆ. ತಾಟಿನ ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ತಾಟು ತಿಕ್ಕಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದ ಹಾಗಾಗುತ್ತದೆ. ಚೆಲ್ಲುವ ನೀರು ಗಿಡಕ್ಕೇ ಹೋಗಲಿ. ದೊಡ್ಡ ಕುಂಡ ಎತ್ತಲಾಗದಿದ್ದರೆ ಕಾಂಡಕ್ಕೆ ಬಟ್ಟೆ ಪಟ್ಟಿ ಸುತ್ತಿ, ಬಟ್ಟೆಯ ಮೇಲೆ ಗ್ರೀಸ್ ಹಚ್ಚಿ. ಸಿಪ್ಪೆಗೆ ನೇರ ಹಚ್ಚಬೇಡಿ.

ಇನ್ನೊಂದು ಕುಂಡದಲ್ಲಿ ಮಗಳು ಬಿಳಿ ಹುಳಗಳನ್ನು ಕಡ್ಡಿಯಿಂದ ಆರಿಸಿ ಸಾಬೂನು ನೀರಿಗೆ ಹಾಕುತ್ತಿದ್ದಳು. “ನೋಡು, ಇವು ಭಾಳ ದೊಡ್ಡವು ಅದಾವ” ಅಂದಳು. ಹತ್ತಿರ ಹೋಗಿ ನೋಡಿ ಕೈ ಹಿಡಿದೆ. ಅವು ತಿಗಣೆಯಲ್ಲ, ತಿಗಣೆ ತಿನ್ನುವ ಗುಲಗಂಜಿ ಹುಳದ ಮರಿಗಳು. ನಮ್ಮ ದ್ರಾಕ್ಷಿಯವರು ‘ಕ್ರಿಪ್ಟೊ’ ಎಂದು ಕರೆಯುವ ಕ್ರಿಪ್ಟೋಲೇಮಸ್. ಆಸ್ಟ್ರೇಲಿಯಾದಿಂದ 1898ರಲ್ಲಿ ನಮ್ಮ ದೇಶಕ್ಕೆ ತಂದದ್ದು. ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ತಂದರು, ಅದಕ್ಕೆ ಅಷ್ಟು ಉಪಯೋಗ ಆಗಲಿಲ್ಲ. ಕರ್ನಾಟಕದಲ್ಲಿ ಹಿಟ್ಟು ತಿಗಣೆ ತಿನ್ನುತ್ತ ಇಲ್ಲೇ ನೆಲೆ ನಿಂತಿತು. ಇದರ ಮರಿಯ ಮೈ ಮೇಲೂ ಬಿಳಿ ಮೇಣದ ಎಳೆಗಳಿರುವುದರಿಂದ ವೈರಿ ಯಾರು, ಬೀಗ ಯಾರು ಎಂದು ಗೊತ್ತಾಗದೆ ಜನ ಹೊಸಕಿ ಹಾಕುತ್ತಾರೆ. ಗುರುತು ಸುಲಭ. ಕಡ್ಡಿಯಿಂದ ಮುಟ್ಟಿ. ತಿಗಣೆಯಾದರೆ ಸೋಮಾರಿ ಹಾಗೆ ಕೂತೇ ಇರುತ್ತದೆ. ಗುಲಗಂಜಿ ಮರಿ ಸರಸರ ಓಡುತ್ತದೆ, ಎಳೆಗಳೂ ಉದ್ದ. ಬೆಳೆದ ಹುಳ ಜೋಳದ ಕಾಳಿಗಿಂತ ಸಣ್ಣದು, ಬೆನ್ನು ಕಪ್ಪು, ತಲೆ ಮತ್ತು ಹಿಂತುದಿ ಕಿತ್ತಳೆ ಬಣ್ಣ. ಅದು ಕಂಡ ಗಿಡಕ್ಕೆ ಸಾಬೂನು, ಬೇವು ಯಾವುದನ್ನೂ ಹೊಡೆಯಬೇಡಿ, ಇರುವೆ ಮಾತ್ರ ತಡೆಯಿರಿ. ಆ ಕುಂಡವನ್ನು ಹಾಗೇ ಬಿಟ್ಟೆವು. ಮೂರು ವಾರಕ್ಕೆ ತಿಗಣೆ ಬಹಳ ಇಳಿಯಿತು. ಪೂರ್ತಿ ಹೋಗಲಿಲ್ಲ, ಪೂರ್ತಿ ಹೋದರೆ ಗುಲಗಂಜಿಗೆ ಊಟವೂ ಇರುವುದಿಲ್ಲ.

ಹುಳ ಹುಳವನ್ನೇ ತಿಂದು ಬೆಳೆ ಉಳಿಯುವುದು ಪುಸ್ತಕದ ಮಾತು ಅನ್ನುವವರು ಪಪ್ಪಾಯಿ ಹಿಟ್ಟು ತಿಗಣೆಯ ಕಥೆ ನೆನಪಿಸಿಕೊಳ್ಳಬೇಕು. 2008ರಲ್ಲಿ ಅದು ಮೊದಲು ಕೊಯಮತ್ತೂರು ಕಡೆ ಕಾಣಿಸಿತು. ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಎಲ್ಲಕ್ಕೂ ಹಬ್ಬಿತು. ಎಣ್ಣಿ ಹೊಡೆದು ಹೊಡೆದು ರೈತರು ಸೋತರು. 2010ರಲ್ಲಿ ಬೆಂಗಳೂರಿನ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಸಾಸಿವೆಗಿಂತ ಸಣ್ಣ ಕಣಜದ ಹುಳ ತರಿಸಿ ಬಿಟ್ಟರು. ಕೆಲವೇ ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು. ಆ ಕಣಜಕ್ಕೆ ಎಣ್ಣಿ ತಾಗಿದರೆ ಅದೇ ಮೊದಲು ಸಾಯುವುದು.

ಉಳಿದ ಗಿಡಗಳ ಮಾತು ಬೇಗ ಮುಗಿಸುತ್ತೇನೆ. ಲಿಂಬಿಯ ಎಲೆ ಮೇಲೆ ಹಕ್ಕಿ ಹಿಕ್ಕಿಯಂತೆ ಕಂಡದ್ದು ಹಿಕ್ಕಿಯಲ್ಲ, ಚಿಟ್ಟೆಯ ಮರಿ. ದೊಡ್ಡದಾದಾಗ ಹಸಿರಾಗುತ್ತದೆ, ಮುಟ್ಟಿದರೆ ತಲೆಯಿಂದ ಕೆಂಪು ಕೋಡು ಚಾಚಿ ನಾತ ಬಿಡುತ್ತದೆ. ಕುಂಡದ ಲಿಂಬಿಗೆ ನಾಲ್ಕು ಮರಿ ಬಿದ್ದರೆ ವಾರದಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಕರಿಬೇವಿಗೂ ಬರುತ್ತದೆ. ಕೈಯಿಂದ ಆರಿಸಿದರೆ ಮುಗಿಯಿತು. ಮೊಮ್ಮಗ ಒಂದನ್ನು ಎಲೆ ಸಮೇತ ಗಾಜಿನ ಡಬ್ಬಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿದ, ಚಿಟ್ಟೆಯಾಗಿ ಹಾರಿದ ದಿನ ಶಾಲೆಗೇ ಹೋಗಲಿಲ್ಲ.

ತುಳಸಿ ಎಲೆ ಮುದುಡಿ, ಮೇಲೆ ಬಿಳಿ ಚುಕ್ಕೆ, ಕೆಳಗೆ ಕರಿ ಚುಕ್ಕೆ ಕಂಡರೆ ಜಾಲರಿ ರೆಕ್ಕೆಯ ಸಣ್ಣ ತಿಗಣೆ. ತುಳಸಿಗೆ ನಾನು ಏನನ್ನೂ ಹೊಡೆಯುವುದಿಲ್ಲ, ಬೇವನ್ನೂ ಸಹ. ಹುಳ ಬಿದ್ದ ತುದಿ, ಒಣಗಿದ ಕದಿರು ಚಿವುಟಿ ತೆಗೆದು ಎಲೆಯ ಹಿಂಬದಿಗೆ ನೀರು ರಭಸದಿಂದ ಹೊಡೆಯಿರಿ, ಹೊಸ ಚಿಗುರು ಬರುತ್ತದೆ. ಗುಲಾಬಿ ಎಲೆ ಬೂದಿ ಬಣ್ಣಕ್ಕೆ ತಿರುಗಿದರೆ ಬಿಳಿ ಹಾಳೆಯ ಮೇಲೆ ಝಾಡಿಸಿ. ಚುಕ್ಕೆ ನಡೆದಾಡಿದರೆ ಅದು ಕೆಂಪು ನುಸಿ. ನಮ್ಮ ಊರಿನ ಒಣ ಗಾಳಿ, ರಸ್ತೆಯ ಧೂಳು ಅದಕ್ಕೆ ಬಹಳ ಹಿತ. ಹೊಲದ ಗಿಡವನ್ನು ಮಳೆ ತೊಳೆಯುತ್ತದೆ, ಸಜ್ಜದ ಕೆಳಗಿನ ಕುಂಡವನ್ನು ಯಾರು ತೊಳೆಯಬೇಕು? ಕಾಯಿಪಲ್ಲೆ ತೊಳೆದ ನೀರಾದರೂ ಸರಿ, ಎಲೆಯ ಹಿಂಬದಿಗೆ ಮೂರು ದಿನಕ್ಕೊಮ್ಮೆ ಬೀಳಲಿ. ಮನಿಪ್ಲಾಂಟಿನ ಸುತ್ತ ಗುಂಯ್ ಅನ್ನುವ ಕರಿ ನೊಣಕ್ಕೆ ಔಷಧವೇ ಬೇಡ, ನೀರು ಕಮ್ಮಿ ಮಾಡಿ ಮೇಲಿನ ಮಣ್ಣು ಒಣಗಲು ಬಿಡಿ.

ಯೂರಿಯಾ ಹಾಕಬೇಡಿ. ಚಿಗುರು ರಸ ತುಂಬಿ ಎಳೆಯದಾಗುತ್ತದೆ, ಹೇನಿಗೆ ನಾವೇ ತಾಟು ಬಡಿಸಿದ ಹಾಗೆ. ಹಸಿ ಸಗಣಿಯೂ ಬೇಡ, ಗೊಣ್ಣೆ ಹುಳ ಅದರ ಜೊತೆಗೇ ಬರುತ್ತದೆ. ನೀರು ಹಾಕಿದರೂ ಗಿಡ ಬಾಡುತ್ತಿದ್ದರೆ ಕುಂಡ ಬೋರಲು ಹಾಕಿ ಬೇರು ನೋಡಿ. ನರ್ಸರಿಯಿಂದ ತಂದ ಸಸಿಯನ್ನು ಹದಿನೈದು ದಿನ ದೂರ ಇಟ್ಟು, ಎಲೆ ಮಗುಚಿ ನೋಡಿ, ಆಮೇಲೆ ಉಳಿದವುಗಳ ಜೊತೆ ಸೇರಿಸಿ. ಇದು ಪ್ಯಾಟಿಯವರಿಗೆ ಮಾತ್ರ ಹೇಳಿದ್ದಲ್ಲ. ಮಗಳ ಮನೆಯ ದಾಸವಾಳದ ಟೊಂಗೆ ಚೆಂದ ಇದೆಯೆಂದು ತಂದು ದ್ರಾಕ್ಷಿ ತೋಟದ ಬದುವಿಗೆ ನೆಟ್ಟರೆ ತಿಗಣೆಗೆ ನಾವೇ ಬಂಡಿ ಕಟ್ಟಿದಂತೆ.

ಇಷ್ಟಕ್ಕೂ ಬಗ್ಗದಿದ್ದರೆ ಬೇವಿನ ಬೀಜ. ಬೀಜದೊಳಗಿನ ತಿರುಳು 50 ಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಡಬೇಕು. ಮರುದಿನ ಹಿಂಡಿ, ಸೋಸಿ, ಒಂದು ಚಿಟಿಕೆ ಸಾಬೂನು ಕರಗಿಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ತುಂಬಿ ಸಂಜೆ ಹೊತ್ತು ಎಲೆಯ ಹಿಂಬದಿಗೆ ಹೊಡೆಯಬೇಕು. ಬಿಸಿಲಿಗೆ ಬೇವಿನ ಸತ್ವ ಕೆಡುತ್ತದೆ. ಮೊದಲು ಎರಡು ಎಲೆಗೆ ಹೊಡೆದು ಒಂದು ದಿನ ನೋಡಿ. ಉಳಿದದ್ದನ್ನು ನಾಳೆಗೆ ಇಡಬೇಡಿ. ವಾರಕ್ಕೊಮ್ಮೆಯಂತೆ ಮೂರು ಸಲ. ಇದು ಹುಳವನ್ನು ತಕ್ಷಣ ಕೆಡವುವುದಿಲ್ಲ, ಮೇವು ಬಿಡಿಸಿ ಬೆಳೆಯದಂತೆ ಮಾಡುತ್ತದೆ. ಸಂಜೆ ಹೊಡೆದು ಮುಂಜಾನೆ ಹೆಣ ಹುಡುಕುವವರಿಗೆ ಇದು ಒಗ್ಗುವುದಿಲ್ಲ.

ಮಗಳಿಗೆ ಎಣ್ಣಿ ಬಾಟಲಿಯ ಬದಲು ನಾನು ಕೊಟ್ಟದ್ದು ಒಂದು ಸೇರು ಬೇವಿನ ಬೀಜ. ಹಣ್ಣು ಉದುರುವುದು ಜೂನ್, ಜುಲೈನಲ್ಲಿ. ಬಿತ್ತನೆ ಗಡಿಬಿಡಿಯಲ್ಲಿ ಮರೆತರೆ ವರ್ಷವೇ ಹೋಯಿತು. ಬಿದ್ದ ಎರಡು ದಿನದೊಳಗೆ ಆರಿಸಿ, ಮೇಲಿನ ತೊಳೆ ತಿಕ್ಕಿ ತೆಗೆದು, ನೆರಳಲ್ಲಿ ಒಣಗಿಸಿ, ಗೋಣಿ ಚೀಲದಲ್ಲಿ ಗಾಳಿಯಾಡುವ ಕಡೆ ತೂಗು ಹಾಕಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಬೀಜ ಕೆಲಸಕ್ಕೆ ಬಾರದು.