ಮುಚ್ಚಿದ ಡಬ್ಬಿಯ ಗೊಂಬೆ: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಒಳಗೇನಿದೆ ಎಂದು ತಿಳಿಯದೆ ಕೊಳ್ಳುವ ‘ಬ್ಲೈಂಡ್ ಬಾಕ್ಸ್’ ಗೊಂಬೆಗಳು ಮಕ್ಕಳನ್ನಷ್ಟೇ ಅಲ್ಲ, ದೊಡ್ಡವರನ್ನೂ ಮರುಳು ಮಾಡಿವೆ. ಈ ಹವ್ಯಾಸಕ್ಕೆ ಕೈಹಾಕುವವರು ಮೊದಲು ಓದಬೇಕಾದದ್ದು ಸಂಭವನೀಯತೆಯ ಪಾಠ.

ಅಂಗಡಿಯವನು ರಟ್ಟಿನ ಡಬ್ಬಿಯೊಂದನ್ನು ಮುಂದಿಟ್ಟು, ‘ಇದರೊಳಗೆ ಏನಿದೆ ಎಂದು ಹೇಳುವುದಿಲ್ಲ, ತೆರೆದು ನೋಡುವಂತೆಯೂ ಇಲ್ಲ. ಮೊದಲು ಹಣ ಕೊಡಿ’ ಎಂದರೆ ನೀವೇನು ಮಾಡುತ್ತೀರಿ? ಬದನೆಕಾಯಿಯನ್ನೂ ಹುಳುಕಿದೆಯೇ ಎಂದು ತಿರುಗಿಸಿ ನೋಡುವ ನಾವು ಖಂಡಿತ ಎದ್ದು ಬಂದೇವು. ಆದರೆ ಇದೇ ಷರತ್ತಿಗೆ ಒಪ್ಪಿ ಬೀಜಿಂಗ್, ಟೋಕಿಯೊ, ಲಂಡನ್ನಿನಂಥ ನಗರಗಳಲ್ಲಿ ಜನ ಸಾಲುಗಟ್ಟಿ ನಿಂತು ಗೊಂಬೆ ಕೊಳ್ಳುತ್ತಾರೆ!

ಈ ಡಬ್ಬಿಗೆ ‘ಬ್ಲೈಂಡ್ ಬಾಕ್ಸ್’ ಎಂದು ಹೆಸರು. ಒಂದು ಸರಣಿಯಲ್ಲಿ ಸಾಮಾನ್ಯವಾಗಿ 12 ಗೊಂಬೆಗಳು. ಹನ್ನೆರಡರ ಚಿತ್ರವೂ ಡಬ್ಬಿಯ ಹೊರಮೈ ಮೇಲೆ ಇರುತ್ತದೆ. ಒಳಗಿರುವುದು ಅವುಗಳಲ್ಲಿ ಒಂದು; ಯಾವುದು ಎಂಬುದೇ ಗುಟ್ಟು. ಇವುಗಳ ಜೊತೆಗೆ ‘ಸೀಕ್ರೆಟ್’ ಎಂಬ ಹದಿಮೂರನೆಯದೂ ಉಂಟು. ಅದರ ಚಿತ್ರದ ಜಾಗದಲ್ಲಿ ಬರಿಯ ಕಪ್ಪು ನೆರಳು.

ಗಾಶಾ... ಪೋನ್!

ಇದರ ಮೂಲ ಹುಡುಕಿದರೆ ಜಪಾನಿಗೆ ಹೋಗಬೇಕು. ಹೊಸ ವರ್ಷದಲ್ಲಿ ಅಲ್ಲಿನ ಅಂಗಡಿಗಳು ಒಳಗೇನಿದೆ ಎಂದು ಹೇಳದೆ ‘ಫುಕುಬುಕುರೊ’ ಎಂಬ ಅದೃಷ್ಟದ ಚೀಲ ಮಾರುವುದು ಹಳೆಯ ರೂಢಿ. 1965ರಲ್ಲಿ ಅಮೆರಿಕದಿಂದ ಅಲ್ಲಿಗೆ ಗೊಂಬೆ ಮಾರುವ ಯಂತ್ರ ಬಂತು. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಗುಂಡೊಂದು ಉರುಳಿ ಬೀಳುತ್ತದೆ, ಗೊಂಬೆ ಅದರೊಳಗೆ. ಹಿಡಿ ತಿರುಗುವಾಗ ‘ಗಾಶಾ’, ಗುಂಡು ಬೀಳುವಾಗ ‘ಪೋನ್’. ಹೀಗೆ ಸದ್ದೇ ಹೆಸರಾಗಿ ಅದು ‘ಗಾಶಾಪೋನ್’ ಆಯಿತು. 2001ರಲ್ಲಿ ಮೆಡಿಕಾಮ್ ಟಾಯ್ ಕಂಪೆನಿಯ ‘ಬೇರ್‌ಬ್ರಿಕ್’ ಎಂಬ ಕರಡಿಗಳು ಬಂದವು. ಬಳಿಕ ತಲೆಯ ಮೇಲೆ ಹಣ್ಣು, ತರಕಾರಿಗಳ ಟೊಪ್ಪಿ ಹೊತ್ತ ‘ಸೋನಿ ಏಂಜೆಲ್’ ಶಿಶುಗಳು ಬಂದವು.

ಚೀನಾದಲ್ಲಿ ಇದನ್ನು ದೊಡ್ಡ ಉದ್ಯಮವಾಗಿಸಿದ್ದು 2010ರಲ್ಲಿ ವಾಂಗ್ ನಿಂಗ್ ಬೀಜಿಂಗಿನಲ್ಲಿ ಸ್ಥಾಪಿಸಿದ ‘ಪಾಪ್ ಮಾರ್ಟ್’. 2016ರಲ್ಲಿ ಹಾಂಕಾಂಗ್ ಕಲಾವಿದ ಕೆನ್ನಿ ವಾಂಗ್ ಸೃಷ್ಟಿಸಿದ ‘ಮೋಲಿ’ ಹುಡುಗಿಯ ಗೊಂಬೆಗಳನ್ನು ಅದು ಈ ರೀತಿಯಲ್ಲಿ ಮಾರತೊಡಗಿತು. 2020ರ ಡಿಸೆಂಬರಿನಲ್ಲಿ ಹಾಂಕಾಂಗ್ ಷೇರುಪೇಟೆ ಪ್ರವೇಶಿಸಿತು. ಉದ್ದ ಕಿವಿ, ಗರಗಸದಂಥ ಹಲ್ಲುಗಳ ‘ಲಬುಬು’ವನ್ನು ಕಲಾವಿದ ಕಾಸಿಂಗ್ ಲಂಗ್ 2015ರಲ್ಲಿ ತನ್ನ ಚಿತ್ರಕಥೆಗಳಿಗಾಗಿ ಬರೆದಿದ್ದ. 2024ರಲ್ಲಿ ‘ಬ್ಲ್ಯಾಕ್‌ಪಿಂಕ್’ ತಂಡದ ಗಾಯಕಿ ಲಿಸಾ ಅದನ್ನು ಚೀಲಕ್ಕೆ ತೂಗುಹಾಕಿಕೊಂಡದ್ದೇ ತಡ, ಜಗತ್ತೇ ಅದರ ಹಿಂದೆ ಬಿತ್ತು. 2025ರ ಜೂನಿನಲ್ಲಿ ಆಳೆತ್ತರದ ಒಂದು ಲಬುಬು ಬೀಜಿಂಗಿನ ಹರಾಜಿನಲ್ಲಿ 10 ಲಕ್ಷ 80 ಸಾವಿರ ಯುವಾನ್‌ಗೆ ಹೋಯಿತು.

ನಮಗೂ ಈ ಆಟ ತೀರ ಹೊಸದಲ್ಲ. ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯೊಳಗೆ ಬರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳು ನಡುವಯಸ್ಸು ದಾಟಿದವರಿಗೆ ನೆನಪಿರಬಹುದು. ಯಾವ ಪ್ರಾಣಿ ಬಂದಿದೆ ಎಂಬುದು ಡಬ್ಬಿ ತೆರೆದಾಗಲೇ ಗೊತ್ತಾಗುತ್ತಿದ್ದುದು. ಆದರೆ ಅಲ್ಲಿ ಹಣ ಕೊಡುತ್ತಿದ್ದುದು ಪೇಸ್ಟಿಗೆ, ಪ್ರಾಣಿ ಬಿಟ್ಟಿ. ಇಲ್ಲಿ ಹಣ ತೆರುವುದೇ ಆ ಕುತೂಹಲಕ್ಕೆ.

ಹನ್ನೆರಡಕ್ಕೆ ಮೂವತ್ತೇಳು

ಹನ್ನೆರಡು ಗೊಂಬೆಗಳ ಪೂರ್ತಿ ಸರಣಿ ನಿಮಗೆ ಬೇಕು. ಬಿಡಿ ಬಿಡಿಯಾಗಿ ಎಷ್ಟು ಡಬ್ಬಿ ಕೊಳ್ಳಬೇಕಾದೀತು? ಹನ್ನೆರಡಲ್ಲದಿದ್ದರೆ ಹದಿನೈದು ಎನ್ನುವವರೇ ಹೆಚ್ಚು. ಪ್ರತಿ ಡಬ್ಬಿಯಲ್ಲೂ ಹನ್ನೆರಡರಲ್ಲಿ ಯಾವುದೂ ಸಮಾನ ಅವಕಾಶದಿಂದ ಇರಬಹುದು ಎಂದಿಟ್ಟುಕೊಂಡರೆ ಗಣಿತ ಹೇಳುವ ಉತ್ತರ ಸರಾಸರಿ 37!

ಕಾರಣ ಸರಳ. ಮೊದಲ ಡಬ್ಬಿಯಲ್ಲಿ ಬಂದದ್ದು ಹೇಗೂ ಹೊಸದೇ. ಆರು ಬಗೆ ಕೈಸೇರಿದ ಮೇಲೆ, ಮುಂದಿನ ಡಬ್ಬಿಯಲ್ಲಿ ಹೊಸದು ಬರುವ ಸಂಭವ ಅರ್ಧಕ್ಕೆ ಇಳಿಯುತ್ತದೆ. ಹನ್ನೊಂದು ಬಗೆ ಸೇರಿ ಒಂದೇ ಉಳಿದಾಗ ಆ ಸಂಭವ ಹನ್ನೆರಡರಲ್ಲಿ ಒಂದು. ಆ ಕೊನೆಯ ಗೊಂಬೆಯೊಂದಕ್ಕೇ ಸರಾಸರಿ 12 ಡಬ್ಬಿ ಬೇಕು. ಮೊದಲ ಆರು ಬಗೆಗೆ ಸುಮಾರು 8 ಡಬ್ಬಿ ಸಾಕು, ಉಳಿದ ಆರಕ್ಕೆ 29 ಬೇಕು. ಡಬ್ಬಿಗೆ ಸಾವಿರ ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಮೂವತ್ತೇಳು ಸಾವಿರ ರೂಪಾಯಿ! ಮನೆಯಲ್ಲಿ ಉಳಿಯುವುದು 12 ಬಗೆಯ ಗೊಂಬೆ, ಮೇಲೆ 25 ಮರುಕಳಿಕೆಗಳು.

ನಂಬಿಕೆ ಬಾರದಿದ್ದರೆ ಖರ್ಚಿಲ್ಲದ ಪ್ರಯೋಗ ಒಂದಿದೆ. ಹನ್ನೆರಡು ಚೀಟಿಗಳ ಮೇಲೆ 1ರಿಂದ 12ರವರೆಗೆ ಬರೆದು, ಮಡಚಿ, ಡಬ್ಬದಲ್ಲಿ ಹಾಕಿ. ಕಣ್ಣು ಮುಚ್ಚಿ ಒಂದನ್ನು ಎತ್ತಿ, ಸಂಖ್ಯೆ ಗುರುತು ಹಾಕಿಕೊಂಡು, ಚೀಟಿಯನ್ನು ಮತ್ತೆ ಡಬ್ಬಕ್ಕೆ ಹಾಕಿ ಕುಲುಕಿ. ಹನ್ನೆರಡೂ ಬರಲು ಎಷ್ಟು ಸಲ ಎತ್ತಬೇಕಾಯಿತು ಎಂದು ಎಣಿಸಿ. ಮನೆಯ ಮಕ್ಕಳೆಲ್ಲ ಮಾಡಿ ಸರಾಸರಿ ತೆಗೆಯಲಿ. ಗೊಂಬೆ ಕೇಳುವ ಮಗುವಿಗೆ ಬುದ್ಧಿವಾದಕ್ಕಿಂತ ಈ ಚೀಟಿಯಾಟ ಹೆಚ್ಚು ಹೇಳುತ್ತದೆ.

ಇನ್ನು ಸೀಕ್ರೆಟ್ ವಿಚಾರ. ಹನ್ನೆರಡರ ಅನೇಕ ಸರಣಿಗಳಲ್ಲಿ ಅದು ಸಿಗುವ ಸಂಭವ 144ರಲ್ಲಿ ಒಂದು. ಲಬುಬುವಿನ ತೂಗುಗೊಂಬೆಗಳ ಆರರ ಸರಣಿಗಳಲ್ಲಿ 72ರಲ್ಲಿ ಒಂದು. ಹಾಗೆಂದ ಮಾತ್ರಕ್ಕೆ 144 ಡಬ್ಬಿ ಕೊಂಡವರಿಗೆಲ್ಲ ಸೀಕ್ರೆಟ್ ಸಿಕ್ಕೇಸಿಗುತ್ತದೆ ಎಂದಲ್ಲ. ಬಿಡಿಯಾಗಿ ಅಷ್ಟು ಕೊಂಡರೂ ಸಿಗುವ ಸಂಭವ ಶೇ. 63ರಷ್ಟೆ. ‘ಇಷ್ಟು ಸಲ ಬರಲಿಲ್ಲ, ಈ ಸಲ ಬಂದೇ ಬರುತ್ತದೆ’ ಎಂಬ ಮಾತಿಗೂ ಆಧಾರವಿಲ್ಲ. ಹಿಂದಿನ ಡಬ್ಬಿಗಳಲ್ಲಿ ಏನು ಬಂತೆಂಬುದು ಮುಂದಿನ ಡಬ್ಬಿಗೆ ಗೊತ್ತಿಲ್ಲವಲ್ಲ!

ಗೊತ್ತಿದ್ದೂ ಕೈ ಏಕೆ ಮುಂದೆ ಹೋಗುತ್ತದೆ? ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದಕ್ಕೆ ಉತ್ತರವಿದೆ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದು ನಿಶ್ಚಿತವಿಲ್ಲದಾಗ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಜೂಜುಯಂತ್ರದ ಮುಂದೆ ಕೂತವನನ್ನು ಏಳಗೊಡದ ಶಕ್ತಿಯೂ ಇದೇ. ಇದನ್ನು ಮನಗಂಡೇ ಚೀನಾ ಸರಕಾರ 2023ರ ಜೂನಿನಲ್ಲಿ, 8 ವರ್ಷದೊಳಗಿನ ಮಕ್ಕಳಿಗೆ ಬ್ಲೈಂಡ್ ಬಾಕ್ಸ್ ಮಾರಬಾರದು, ಯಾವ ಗೊಂಬೆ ಸಿಗುವ ಸಂಭವ ಎಷ್ಟೆಂಬುದನ್ನು ಪ್ರಕಟಿಸಬೇಕು ಎಂದು ಮಾರ್ಗಸೂಚಿ ಹೊರಡಿಸಿತು.

ಆರಂಭಿಸುವುದು ಹೇಗೆ?

ಇಷ್ಟು ಹೇಳಿದ್ದು ಹವ್ಯಾಸವೇ ಬೇಡವೆನ್ನಲು ಅಲ್ಲ. ಅಂಗೈಯಲ್ಲಿ ಕೂರುವ ಈ ಗೊಂಬೆಗಳಲ್ಲಿ ಅಚ್ಚಿನ ನಾಜೂಕು, ಬಣ್ಣದ ಹದ, ಕಲಾವಿದನ ಕಲ್ಪನೆ ಎಲ್ಲವೂ ಇವೆ. ಲೆಕ್ಕ ತಿಳಿದವರು ಇದನ್ನು ಹಗುರಾಗಿ ಅನುಭವಿಸಬಹುದು.

ಮೊದಲು ಒಂದೇ ಒಂದು ಸರಣಿ ಆರಿಸಿ. ಡಬ್ಬಿಯ ಮೇಲಿನ ಚಿತ್ರಗಳನ್ನು ನೋಡಿ, ‘ಇದರಲ್ಲಿ ಯಾವುದು ಬಂದರೂ ನನಗೆ ಸಂತೋಷವೇ?’ ಎಂದು ಕೇಳಿಕೊಳ್ಳಿ. ಹನ್ನೆರಡರಲ್ಲಿ ಎಂಟಾದರೂ ಇಷ್ಟವಾದರೆ ಒಂದು ಡಬ್ಬಿ ಕೊಳ್ಳಿ. ಒಂದೇ ಗೊಂಬೆ ಇಷ್ಟವಾದರೆ ಡಬ್ಬಿಯ ಗೊಡವೆಯೇ ಬೇಡ. ಮರುಕಳಿಕೆ ಬಂದವರು ತೆರೆದ ಗೊಂಬೆಗಳನ್ನೇ ಮಾರುತ್ತಾರೆ. ತುಸು ಹೆಚ್ಚು ಬೆಲೆಯಾದರೂ ಬೇಕಾದದ್ದೇ ಕೈಗೆ ಬರುತ್ತದೆ.

ಸರಣಿ ಪೂರ್ತಿ ಬೇಕೆಂದಿದ್ದರೆ ಅಂಗಡಿಗೆ ಬರುವ ಮುದ್ರೆ ಒಡೆಯದ ಇಡೀ ಪೆಟ್ಟಿಗೆಯನ್ನು ಕೊಳ್ಳುವುದೇ ಲಾಭ. ಹಲವು ಸರಣಿಗಳಲ್ಲಿ ಅಂಥ ಪೆಟ್ಟಿಗೆಯ 12 ಡಬ್ಬಿಗಳಲ್ಲಿ ಹನ್ನೆರಡೂ ಬೇರೆ ಬೇರೆ ಇರುತ್ತವೆ. ಅಪರೂಪಕ್ಕೆ ಒಂದರ ಜಾಗದಲ್ಲಿ ಸೀಕ್ರೆಟ್ ಬಂದಿರುತ್ತದೆ. ಹಾಗಿರುವುದು ಹೌದೇ ಎಂದು ಮೊದಲು ವಿಚಾರಿಸಿಕೊಳ್ಳಿ. ನಾಲ್ಕೈದು ಗೆಳೆಯರು ಸೇರಿ ಕೊಂಡು ಹಂಚಿಕೊಂಡರೆ ಇನ್ನೂ ಒಳ್ಳೆಯದು. ಅಂಚೆಚೀಟಿ ಸಂಗ್ರಹದಂತೆ ಇಲ್ಲಿಯೂ ಅದಲು ಬದಲಿನದೇ ಅರ್ಧ ಆನಂದ. ನಿಮ್ಮ ಮರುಕಳಿಕೆ ಇನ್ನೊಬ್ಬರ ಕೊರತೆಯನ್ನು ತುಂಬುತ್ತದೆ. ಮೂವತ್ತೇಳರ ಲೆಕ್ಕವನ್ನು ತಗ್ಗಿಸುವ ಅಗ್ಗದ ಉಪಾಯ ಅದೇ.

ಡಬ್ಬಿಯನ್ನು ಕಿವಿಯ ಹತ್ತಿರ ಕುಲುಕಿ, ತಕ್ಕಡಿಯಲ್ಲಿ ತೂಗಿ ಒಳಗಿನದನ್ನು ಊಹಿಸುವ ಪಂಡಿತರೂ ಇದ್ದಾರೆ. ಲೆಗೊ ಕಂಪೆನಿಯ ಪುಟ್ಟ ಮನುಷ್ಯರು 2010ರಿಂದ ಚೀಲಗಳಲ್ಲಿ ಬರುತ್ತಿದ್ದಾಗ ಬೆರಳಿನಿಂದ ತಡವಿಯೇ ಪತ್ತೆ ಮಾಡುತ್ತಿದ್ದರು. 2023ರಲ್ಲಿ ಚೀಲದ ಬದಲು ರಟ್ಟಿನ ಡಬ್ಬಿ ಬಂದು ಆ ವಿದ್ಯೆಗೂ ಕುತ್ತು ಬಂತು!

ನಕಲಿಯ ಬಗ್ಗೆ ಎಚ್ಚರವಿರಲಿ. ನಕಲಿ ಲಬುಬುಗಳಿಗೆ ‘ಲಫುಫು’ ಎಂಬ ಅಡ್ಡಹೆಸರೇ ಬಿದ್ದಿದೆ. ಅಸಲಿ ಲಬುಬುವಿಗೆ ಒಂಬತ್ತು ಹಲ್ಲು, ಎಣಿಸಿ ನೋಡಿ. ಬಣ್ಣ ಅಂಚು ಮೀರಿರುವುದು, ಡಬ್ಬಿಯ ಮುದ್ರಣ ಮಸುಕಾಗಿರುವುದು, ನಂಬಲಾಗದಷ್ಟು ಅಗ್ಗವಾಗಿರುವುದು ನಕಲಿಯ ಲಕ್ಷಣಗಳು. ಇದು ಬರಿಯ ಹಣದ ಪ್ರಶ್ನೆಯಲ್ಲ. ನಕಲಿ ಗೊಂಬೆಗಳ ಚೂರು ಕಳಚಿ ಎಳೆಯ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದು 2025ರ ಆಗಸ್ಟಿನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸಿತು. ನಮ್ಮಲ್ಲಿ 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಮಗುವಿಗಾಗಿ ಕೊಳ್ಳುವವರು ಅದನ್ನು ನೋಡಿಯೇ ಕೊಳ್ಳಬೇಕು.

ಬಿಸಿಲೇ ಶತ್ರು

ಇವುಗಳಲ್ಲಿ ಬಹುಪಾಲು ಪಿವಿಸಿ ಮತ್ತು ಎಬಿಎಸ್ ಎಂಬ ಪ್ಲಾಸ್ಟಿಕ್‌ಗಳಿಂದ ಆದವು. ಬಿಸಿಲಿನ ನೇರಳಾತೀತ ಕಿರಣಕ್ಕೆ ಬಣ್ಣ ಮಾಸಿ, ಬಿಳುಪು ಹಳದಿಯಾಗುತ್ತದೆ. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ಸೆಕೆಗೆ ಹೊರಜಿನುಗಿ ಮೈಯೆಲ್ಲ ಅಂಟಂಟಾಗುವುದೂ ಉಂಟು. ಆದ್ದರಿಂದ ಕಿಟಕಿಯ ಪಕ್ಕ, ಟಿ.ವಿ.ಯ ಮೇಲೆ ಇಡಬೇಡಿ. ಗಾಜಿನ ಬೀರುವಿನಲ್ಲಿಟ್ಟರೂ ಆಗಾಗ ಗಾಳಿಯಾಡಲು ಬಿಡಿ. ಉಗುರುಬೆಚ್ಚನೆಯ ನೀರಿಗೆ ಒಂದು ಹನಿ ಸೋಪು ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಉಗುರುಬಣ್ಣ ತೆಗೆಯುವ ದ್ರಾವಣ ಮಾತ್ರ ಬೇಡವೇ ಬೇಡ, ಗೊಂಬೆಯ ಮುಖವೇ ಅಳಿಸಿಹೋದೀತು!

ಜೊತೆಗೊಂದು ನೋಟ್‌ಪುಸ್ತಕ ಇಡಿ. ಕೊಂಡ ದಿನ, ಕೊಟ್ಟ ಬೆಲೆ, ಸಿಕ್ಕ ಗೊಂಬೆ, ಅದಲು ಬದಲಿಗೆ ಇರುವುದು ಎಲ್ಲವನ್ನೂ ಬರೆಯಿರಿ. ಕೊನೆಯ ಕಾಲಮಿನಲ್ಲಿ ಒಟ್ಟು ಖರ್ಚು ಕೂಡುತ್ತ ಹೋಗಿ. ಮಕ್ಕಳ ಸಂಗ್ರಹವಾದರೆ ಈ ಪುಸ್ತಕ ಅವರ ಕೈಬರಹದಲ್ಲೇ ಇರಲಿ. ತಿಂಗಳಿಗೆ ಒಂದೇ ಡಬ್ಬಿ ಎಂಬ ಕಟ್ಟುಪಾಡನ್ನು ಮೊದಲ ಪುಟದಲ್ಲಿ ಅವರೇ ಬರೆಯಲಿ. ಡಬ್ಬಿಯೊಳಗೆ ಏನಿದೆ ಎಂದು ಅಂಗಡಿಗೆ ಹೋಗುವ ಮುಂಚೆ ಯಾರಿಗೂ ತಿಳಿಯದು. ಎಷ್ಟು ಡಬ್ಬಿ ಕೊಳ್ಳಬೇಕೆಂಬುದನ್ನಾದರೂ ಮನೆಯಲ್ಲೇ ತೀರ್ಮಾನಿಸಿ ಹೊರಡಬಹುದಲ್ಲವೇ?