ಫಿರಂಗಿಯ ದನಿ, ಕಿಟಕಿಯ ಗಾಜು: ಮೊದಲನೆಯ ಮಹಾಯುದ್ಧದಲ್ಲಿ ಕೆನಡಾದ ಜನ

1914ರ ಆಗಸ್ಟ್ 4ರಂದು ಬ್ರಿಟನ್ನು ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ಗಳಿಗೆಯಲ್ಲಿ ಕೆನಡಾ ದೇಶವೂ ಯುದ್ಧಕ್ಕಿಳಿದಂತಾಯಿತು. ನಮ್ಮ ದೇಶವನ್ನು ಹೇಗೆ ಯಾರೂ ಕೇಳಲಿಲ್ಲವೋ ಹಾಗೆಯೇ ಕೆನಡಾವನ್ನೂ ಯಾರೂ ಕೇಳಲಿಲ್ಲ. ಆಗ ಅಲ್ಲಿದ್ದ ಖಾಯಂ ಸೈನಿಕರು ಸುಮಾರು 3,000 ಮಂದಿ ಮಾತ್ರ. ಇಡೀ ದೇಶದ ಜನಸಂಖ್ಯೆ 80 ಲಕ್ಷಕ್ಕೂ ಕಡಿಮೆ. ಮುಂದಿನ ನಾಲ್ಕು ವರ್ಷಗಳಲ್ಲಿ ಆ ಜನರೊಳಗಿಂದ ಆರು ಲಕ್ಷಕ್ಕೂ ಹೆಚ್ಚು ಮಂದಿ ಸೈನ್ಯ ಸೇರಿದರು. ಹೆಂಗಸರು, ಮಕ್ಕಳು, ಮುದುಕರು ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೂ ಹದಿಮೂರು ಮಂದಿಗೆ ಒಬ್ಬನಂತೆ! ಅವರಲ್ಲಿ ಸುಮಾರು 61,000 ಮಂದಿ ಹಿಂತಿರುಗಲಿಲ್ಲ.

ಈ ಯುದ್ಧವನ್ನು ಕುರಿತು ಚರಿತ್ರೆಕಾರರು ಬರೆದ ಗ್ರಂಥಗಳು ಬೇಕಾದಷ್ಟಿವೆ. ನಾವು ಭೌತವಿಜ್ಞಾನವನ್ನು ಕಲಿಯುವವರು ಅದನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕು ನೋಡಬಹುದು. ಅನಿಲದ ಸಾಂದ್ರತೆ, ಶಬ್ದದ ವೇಗ, ಆಘಾತ ತರಂಗ ಇವು ನಮ್ಮ ತರಗತಿಯಲ್ಲಿ ಪರೀಕ್ಷೆಯ ಪ್ರಶ್ನೆಗಳು. ಆ ಜನರ ಪಾಲಿಗೆ ಅವು ಬದುಕು ಸಾವುಗಳ ಪ್ರಶ್ನೆಗಳಾಗಿದ್ದವು.

ಮೊದಲು ಅನಿಲದ ವಿಷಯ. 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಮ್ಮಿನ ಈಪ್ರ ಪಟ್ಟಣದ ಬಳಿ ಜರ್ಮನರು ಅನುಕೂಲವಾದ ಗಾಳಿಗೆ ಕಾದಿದ್ದು, ಸಾವಿರಾರು ಸಿಲಿಂಡರುಗಳ ಬಾಯಿ ತೆರೆದು ಸುಮಾರು 160 ಟನ್ ಕ್ಲೋರೀನನ್ನು ಹೊರಬಿಟ್ಟರು. ಆ ಹಸಿರು ಹಳದಿಯ ಮೋಡ ಮೊದಲು ಕವಿದದ್ದು ಫ್ರಾನ್ಸಿನ ಮತ್ತು ಆಲ್ಜೀರಿಯದ ಸೈನಿಕರ ಮೇಲೆ. ಅವರ ಸಾಲು ಮುರಿದು ಉಂಟಾದ ಬಿರುಕಿನ ಪಕ್ಕದಲ್ಲೇ ಇದ್ದವರು ಕೆನಡಾದ ಮೊದಲನೆಯ ಡಿವಿಜನ್ನಿನವರು. 24ರ ಬೆಳಗಿನ ಜಾವ ಅನಿಲ ನೇರವಾಗಿ ಅವರ ಮೇಲೆಯೇ ಬಂತು. ಕ್ಲೋರೀನಿನ ಅಣುಭಾರ 71, ಗಾಳಿಯ ಸರಾಸರಿ ಅಣುಭಾರ 29. ಆದುದರಿಂದ ಕ್ಲೋರೀನು ಗಾಳಿಗಿಂತ ಸುಮಾರು ಎರಡೂವರೆ ಪಾಲು ಭಾರ. ಅದು ಮೇಲೇರದೆ ನೀರಿನಂತೆ ತಗ್ಗನ್ನು ಹುಡುಕುತ್ತದೆ. ಗುಂಡಿನಿಂದ ಪಾರಾಗಲು ಸೈನಿಕನು ತೋಡಿಕೊಂಡ ಕಂದಕವೇ ಅನಿಲಕ್ಕೆ ಕೊಳವಾಯಿತು. ತಗ್ಗಿ ಮಲಗಿದವನು ಸತ್ತನು. ಎದ್ದು ನಿಂತವನಿಗೆ ಉಸಿರಾಡಲು ಅಷ್ಟಿಷ್ಟು ಗಾಳಿ ಸಿಕ್ಕಿತು, ಆದರೆ ಗುಂಡಿಗೆ ಅವನು ಗುರಿಯಾದನು. ಕ್ಲೋರೀನು ನೀರಿನಲ್ಲಿ ಕರಗುವುದೆಂದು ಬಲ್ಲವರು ಬಟ್ಟೆಯನ್ನು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಳ್ಳಲು ಹೇಳಿದರು. ನೀರಿಲ್ಲದವರು ಮೂತ್ರದಲ್ಲೇ ಬಟ್ಟೆಯನ್ನು ನೆನೆಸಿದರು. ಅದು ಹೇಸಿಗೆಯ ಮಾತಾಗಿ ಕಂಡರೂ ರಸಾಯನಶಾಸ್ತ್ರದ ದೃಷ್ಟಿಯಿಂದ ಸರಿಯಾದ ಉಪಾಯವೇ. ಆ ಕೆಲವೇ ದಿನಗಳಲ್ಲಿ ಡಿವಿಜನ್ನಿನ ಸುಮಾರು 6,000 ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಸಿಕ್ಕರು. ಆದರೂ ಸಾಲು ಒಡೆಯಲಿಲ್ಲ.

ಇಲ್ಲಿ ನಮ್ಮವರ ಮಾತೊಂದನ್ನು ಹೇಳದೆ ಮುಂದುವರಿಯಲಾರೆವು. ಏಪ್ರಿಲ್ 26ರಂದು ಅದೇ ಈಪ್ರ ರಣರಂಗದಲ್ಲಿ ಭಾರತೀಯ ಸೈನ್ಯದ ಲಾಹೋರ್ ಡಿವಿಜನ್ ಕಾದಾಟಕ್ಕಿಳಿಯಿತು, ಅದೂ ಅನಿಲದ ಪಾಲಾಯಿತು. ಕೇವಲ ಒಂಬತ್ತು ತಿಂಗಳ ಹಿಂದೆ, 1914ರ ಜುಲೈ 23ರಂದು, ಪಂಜಾಬಿನಿಂದ ಬದುಕನ್ನರಸಿ ಬಂದ ಪ್ರಯಾಣಿಕರಿದ್ದ ಕೊಮಗಾತ ಮಾರು ಹಡಗನ್ನು ಕೆನಡಾ ಸರ್ಕಾರವು ವ್ಯಾಂಕೂವರ್ ಬಂದರಿನಿಂದ ಹಿಂದಕ್ಕಟ್ಟಿತ್ತು. ಹಡಗಿನಲ್ಲಿದ್ದವರು 376 ಮಂದಿ. ದಡಕ್ಕಿಳಿಯಲು ಅಪ್ಪಣೆ ಸಿಕ್ಕಿದ್ದು ಬೆರಳೆಣಿಕೆಯವರಿಗೆ. ನೆಲದ ಮೇಲೆ ಒಟ್ಟಿಗೆ ಬಾಳಲು ಸಲ್ಲದವರು ಕಂದಕದಲ್ಲಿ ಒಟ್ಟಿಗೆ ಸಾಯಲು ಸಲ್ಲುತ್ತಿದ್ದರು.

ಇನ್ನು ವಿಮಿ ದಿಬ್ಬ. ಕೆನಡಾದವರು ಇಂದಿಗೂ ಹೆಮ್ಮೆಯಿಂದ ನೆನೆಯುವ ಹೆಸರಿದು. ಉತ್ತರ ಫ್ರಾನ್ಸಿನ ಈ ದಿಬ್ಬವನ್ನು ಹಿಡಿದುಕೊಂಡಿದ್ದ ಜರ್ಮನರ ಬಲವೆಲ್ಲ ಅದರ ಹಿಂದೆ ಮರೆಯಲ್ಲಿದ್ದ ಫಿರಂಗಿಗಳಲ್ಲಿತ್ತು. ಕಣ್ಣಿಗೆ ಕಾಣದ ಫಿರಂಗಿಯನ್ನು ಹೊಡೆಯುವುದು ಹೇಗೆ? ಈ ಕೆಲಸ 1917ರ ಆರಂಭದಲ್ಲಿ ಆಂಡ್ರ್ಯೂ ಮ್ಯಾಕ್‌ನಾಟನ್ ಎಂಬ ಅಧಿಕಾರಿಯ ಪಾಲಿಗೆ ಬಂತು. ಯುದ್ಧಕ್ಕೆ ಮೊದಲು ಅವರು ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗಿನ ಉಪಾಧ್ಯಾಯರಾಗಿದ್ದವರು. ಅವರು ನೆರವಿಗೆ ಹಿಡಿದ ವಿದ್ಯೆಯನ್ನು ಬ್ರಿಟಿಷ್ ಸೈನ್ಯಕ್ಕಾಗಿ ರೂಪಿಸಿದವರು ಲಾರೆನ್ಸ್ ಬ್ರಾಗ್, ಹರಳುಗಳ ರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿ 1915ರಲ್ಲಿ ಇಪ್ಪತ್ತೈದರ ವಯಸ್ಸಿನಲ್ಲೇ ನೊಬೆಲ್ ಬಹುಮಾನ ಪಡೆದ ತರುಣ.

ತತ್ತ್ವ ಸರಳವಾದುದು. ನೆಲದ ಮೇಲೆ ಒಂದು ಕಿಲೋಮೀಟರು ಅಂತರದಲ್ಲಿ ಎರಡು ಧ್ವನಿಗ್ರಾಹಕಗಳನ್ನು ಇಟ್ಟಿದ್ದೇವೆ ಎಂದುಕೊಳ್ಳೋಣ. ದೂರದ ಫಿರಂಗಿಯ ದನಿ ಮೊದಲನೆಯದಕ್ಕೆ ತಲುಪಿದ ಎರಡು ಸೆಕೆಂಡುಗಳ ಮೇಲೆ ಎರಡನೆಯದಕ್ಕೆ ತಲುಪಿತು. ಶಬ್ದದ ವೇಗ ಸೆಕೆಂಡಿಗೆ 340 ಮೀಟರು. ಹಾಗಾದರೆ ಫಿರಂಗಿಯು ಎರಡನೆಯದಕ್ಕಿಂತ ಮೊದಲನೆಯದಕ್ಕೆ 680 ಮೀಟರು ಹತ್ತಿರದಲ್ಲಿರಬೇಕು. ಎರಡು ನಿಶ್ಚಿತ ಬಿಂದುಗಳಿಂದ ದೂರಗಳ ವ್ಯತ್ಯಾಸ ಸ್ಥಿರವಾಗಿರುವ ಬಿಂದುಗಳೆಲ್ಲ ಒಂದು ಅತಿಪರವಲಯದ ಮೇಲಿರುತ್ತವೆಂದು ಗಣಿತದಲ್ಲಿ ನಾವು ಓದಿದ್ದೇವೆ. ಮೂರನೆಯ ಗ್ರಾಹಕವೊಂದನ್ನು ಇಟ್ಟರೆ ಇನ್ನೊಂದು ಅತಿಪರವಲಯ ದೊರೆಯುತ್ತದೆ. ಎರಡೂ ಕೂಡುವ ಕಡೆ ಫಿರಂಗಿ! ರಣರಂಗದಲ್ಲಿ ಸಾಮಾನ್ಯವಾಗಿ ಆರು ಗ್ರಾಹಕಗಳನ್ನು ಸಾಲಾಗಿ ಇಡುತ್ತಿದ್ದರು.

ಕಾಗದದ ಮೇಲೆ ಸರಳವಾದುದು ಕೆಸರಿನಲ್ಲಿ ಸರಳವಾಗಿರಲಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವ ಗುಂಡು ತನ್ನದೇ ಒಂದು ಆಘಾತ ತರಂಗವನ್ನು ಎಳೆದು ತರುತ್ತದೆ. ಛಟೀರೆಂಬ ಆ ಸದ್ದು ಫಿರಂಗಿಯ ನಿಜವಾದ ದನಿಗಿಂತ ಮೊದಲೇ ಬಂದು ಗ್ರಾಹಕವನ್ನು ಕಂಗೆಡಿಸುತ್ತಿತ್ತು. ಫಿರಂಗಿಯ ಬಾಯಿಂದ ಹೊರಡುವುದು ಅತಿ ಮಂದ್ರವಾದ ಅಲೆ; ಕಿವಿಗಿಂತ ಮೈಗೇ ಅದು ಹೆಚ್ಚು ತಿಳಿಯುತ್ತದೆ. ಬ್ರಾಗರಿಗೆ ಇದು ಹೊಳೆದದ್ದು ಶೌಚಗೃಹದಲ್ಲಂತೆ. ಹತ್ತಿರದ ಫಿರಂಗಿ ಹಾರಿದಾಗಲೆಲ್ಲ ಕುಳಿತ ಪೀಠದಿಂದ ಮೈ ಸ್ವಲ್ಪ ಮೇಲಕ್ಕೆದ್ದಂತಾಗುತ್ತಿತ್ತು. (ಆರ್ಕಿಮಿಡೀಸನ ಸ್ನಾನದ ಕೊಠಡಿಗೆ ಇದು ತಕ್ಕ ಜೊತೆ.) ಅವರ ಬಳಿಯಿದ್ದ ವಿಲಿಯಂ ಟಕರ್ 1916ರಲ್ಲಿ ಪರಿಹಾರವನ್ನು ಕಂಡುಹಿಡಿದರು. ಒಂದು ಪೆಟ್ಟಿಗೆಗೆ ಚಿಕ್ಕ ತೂತು ಕೊರೆದು, ಅದಕ್ಕೆ ಅಡ್ಡಲಾಗಿ ಪ್ಲಾಟಿನಮ್ಮಿನ ಸಣ್ಣ ತಂತಿಯನ್ನು ಬಿಗಿದು ವಿದ್ಯುತ್ತಿನಿಂದ ಕಾಯಿಸಿದರು. ಮಂದ್ರದ ಅಲೆ ಬಂದಾಗ ತೂತಿನಲ್ಲಿ ಗಾಳಿ ಒಳಕ್ಕೂ ಹೊರಕ್ಕೂ ನುಗ್ಗಿ ತಂತಿಯನ್ನು ತಣಿಸುತ್ತದೆ. ತಣಿದ ತಂತಿಯ ವಿದ್ಯುದ್ರೋಧ ಕುಗ್ಗುತ್ತದೆ. ನಮ್ಮ ಪ್ರಯೋಗಶಾಲೆಯ ವ್ಹೀಟ್‌ಸ್ಟನ್ ಸೇತುವೆ ಆ ಬದಲಾವಣೆಯನ್ನು ಹಿಡಿದು, ಗ್ಯಾಲ್ವನೋಮೀಟರಿನ ಎಳೆಯನ್ನು ಅಲುಗಿಸುತ್ತದೆ. ಓಡುವ ಫಿಲ್ಮಿನ ಮೇಲೆ ಅದರ ಗುರುತು ಬೀಳುತ್ತದೆ. ಮಾತು, ಬಂದೂಕಿನ ಸದ್ದು, ಗುಂಡಿನ ಛಟೀರು ಯಾವುದಕ್ಕೂ ಈ ತಂತಿ ಅಷ್ಟಾಗಿ ಕಿವಿಗೊಡುವುದಿಲ್ಲ. ಕಾಲವನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಓದಬಹುದಾಗಿತ್ತು. ಅಷ್ಟು ಹೊತ್ತಿನಲ್ಲಿ ಶಬ್ದ ಸಾಗುವುದು ಮೂರೂವರೆ ಮೀಟರು ಮಾತ್ರ. ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರು ಹೆಚ್ಚುತ್ತದೆ. ಗಾಳಿ ಬೀಸಿದರೆ ಇನ್ನೂ ಬದಲಾಗುತ್ತದೆ. ಇದಕ್ಕೆಲ್ಲ ತಿದ್ದುಪಡಿ ಮಾಡಬೇಕಿತ್ತು.

ಮ್ಯಾಕ್‌ನಾಟನ್ ಈ ವಿದ್ಯೆಯ ಜೊತೆಗೆ ಫಿರಂಗಿಯ ಮಿಂಚನ್ನು ಹಲವು ಠಾಣ್ಯಗಳಿಂದ ನೋಡಿ ಕೋನ ಅಳೆಯುವುದು, ವಿಮಾನದಿಂದ ಚಿತ್ರ ತೆಗೆಯುವುದು, ತಮ್ಮದೇ ಫಿರಂಗಿಗಳ ಸವೆದ ನಳಿಗೆಗಳಿಗೆ ಲೆಕ್ಕ ಕಟ್ಟುವುದು ಎಲ್ಲವನ್ನೂ ಕೂಡಿಸಿದರು. 1917ರ ಏಪ್ರಿಲ್ 9ರ ಬೆಳಗ್ಗೆ ಐದೂವರೆಗೆ, ಬೀಸುವ ಹಿಮದ ನಡುವೆ ದಾಳಿ ಆರಂಭವಾಯಿತು. ಅಷ್ಟರಲ್ಲಿ ಶತ್ರುವಿನ ಫಿರಂಗಿಗಳಲ್ಲಿ ನೂರಕ್ಕೆ 83ರಷ್ಟರ ನೆಲೆ ಗೊತ್ತಾಗಿತ್ತೆಂದು ಅಂದಾಜು. ಕೆನಡಾದ ನಾಲ್ಕೂ ಡಿವಿಜನ್ನುಗಳು ಮೊದಲ ಬಾರಿಗೆ ಒಟ್ಟಿಗೆ ಮುನ್ನಡೆದವು. ನಾಲ್ಕು ದಿನಗಳಲ್ಲಿ ದಿಬ್ಬ ಕೈಸೇರಿತು. ವಿಜ್ಞಾನದ ಗೆಲುವೆಂದು ಇದನ್ನು ಕೊಂಡಾಡುವವರು ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ಬ್ರಿಟಿಷ್ ಸೇನಾನಿಗಳೂ ಫಿರಂಗಿದಳಗಳೂ ವಿಜ್ಞಾನಿಗಳೂ ಇದರಲ್ಲಿ ಪಾಲುಗೊಂಡಿದ್ದರು. ಎರಡು, ಇಷ್ಟೆಲ್ಲ ಲೆಕ್ಕಾಚಾರದ ಮೇಲೂ ಆ ನಾಲ್ಕು ದಿನಗಳಲ್ಲಿ 3,598 ಮಂದಿ ಕೆನಡಿಯನ್ನರು ಸತ್ತರು, 7,004 ಮಂದಿ ಗಾಯಗೊಂಡರು.

ಊರಿನಲ್ಲಿ ಉಳಿದವರ ಕಥೆ ಏನು? ದೇಶವೇ ಗುಂಡುಗಳ ಕಾರ್ಖಾನೆಯಾಯಿತು. 1917ರ ಹೊತ್ತಿಗೆ ಸುಮಾರು ಎರಡೂವರೆ ಲಕ್ಷ ಜನ ಆ ಕೆಲಸದಲ್ಲಿದ್ದರು. ಸಾವಿರಾರು ಹೆಂಗಸರು ಲೇತು ಯಂತ್ರದ ಮುಂದೆ ನಿಂತರು. ಅದೇ ವರ್ಷ ಆದಾಯ ತೆರಿಗೆ ‘ತಾತ್ಕಾಲಿಕ’ವಾಗಿ ಬಂತು, ಇನ್ನೂ ಹೋಗಿಲ್ಲ. ಶತ್ರುರಾಷ್ಟ್ರಗಳಿಂದ ಬಂದು ನೆಲೆಸಿದ್ದವರಲ್ಲಿ 8,500ಕ್ಕೂ ಹೆಚ್ಚು ಮಂದಿಯನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಬಹುಮಂದಿ ಯಾವ ತಪ್ಪೂ ಮಾಡದ ಉಕ್ರೇನಿನ ಬಡ ಕೂಲಿಗಳು. ಆಂಟೇರಿಯೋ ಪ್ರಾಂತದ ಬರ್ಲಿನ್ ಎಂಬ ಊರು 1916ರಲ್ಲಿ ತನ್ನ ಹೆಸರನ್ನೇ ಕಿಚೆನರ್ ಎಂದು ಬದಲಾಯಿಸಿಕೊಂಡಿತು.

ಯುದ್ಧ ಮನೆಯ ಬಾಗಿಲಿಗೇ ಬಂದದ್ದು 1917ರ ಡಿಸೆಂಬರ್ 6ರಂದು. ಹ್ಯಾಲಿಫಾಕ್ಸ್ ಬಂದರಿನ ಇಕ್ಕಟ್ಟಿನಲ್ಲಿ ಇಮೋ ಎಂಬ ಹಡಗು ಮಾಂಟ್ ಬ್ಲಾಂಕ್ ಎಂಬ ಫ್ರೆಂಚ್ ಹಡಗಿಗೆ ಬಡಿಯಿತು. ಎರಡನೆಯದರಲ್ಲಿ 2,300 ಟನ್ ಪಿಕ್ರಿಕ್ ಆಮ್ಲ, 200 ಟನ್ ಟಿ.ಎನ್.ಟಿ., ಮೇಲಟ್ಟದಲ್ಲಿ ಬೆಂಜಾಲ್ ಪೀಪಾಯಿಗಳು. ಬೆಂಕಿ ಹೊತ್ತಿ ಸುಮಾರು ಇಪ್ಪತ್ತು ನಿಮಿಷ ಉರಿಯಿತು. ಆ ಇಪ್ಪತ್ತು ನಿಮಿಷಗಳೇ ಊರಿಗೆ ಮುಳುವಾದವು. ಶಾಲೆಗೆ ಹೊರಟಿದ್ದ ಮಕ್ಕಳು, ಅಡಿಗೆಮನೆಯ ಹೆಂಗಸರು, ಕಾರ್ಖಾನೆಯ ಕೆಲಸಗಾರರು ಆ ಬಣ್ಣಬಣ್ಣದ ಜ್ವಾಲೆಯನ್ನು ನೋಡಲು ಕಿಟಕಿಗಳ ಬಳಿ ಸೇರಿದರು. ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಹಡಗು ಸಿಡಿಯಿತು. ಬೆಳಕು ಕಣ್ಣಿಗೆ ಒಡನೆಯೇ ತಲುಪುತ್ತದೆ. ಆಘಾತ ತರಂಗ ಹತ್ತಿರದಲ್ಲಿ ಶಬ್ದಕ್ಕಿಂತ ವೇಗವಾಗಿ ಸಾಗಿದರೂ ಒಂದೆರಡು ಕಿಲೋಮೀಟರು ದಾಟಲು ಕೆಲವು ಸೆಕೆಂಡುಗಳು ಬೇಕು. ಆ ಅವಧಿಯಲ್ಲಿ ನೆಲಕ್ಕೆ ಬಾಗಬೇಕೆಂದು ಯಾರಿಗೆ ತಾನೆ ಗೊತ್ತಿತ್ತು? ಕಣ್ಣು ಹಡಗಿನ ಮೇಲೆಯೇ ಇದ್ದಂತೆ ಗಾಜು ಒಡೆದು ಮುಖಕ್ಕೆ ಬಡಿಯಿತು. ಸುಮಾರು 2,000 ಮಂದಿ ಸತ್ತರು, 9,000 ಮಂದಿಗೆ ಗಾಯವಾಯಿತು, ಐದು ಸಾವಿರಕ್ಕೂ ಹೆಚ್ಚು ಮಂದಿಯ ಕಣ್ಣುಗಳಿಗೆ ಪೆಟ್ಟು ಬಿತ್ತು. ಆಚೆಯ ದಡದಲ್ಲಿದ್ದ ಮಿಕ್‌ಮಾ ಎಂಬ ಮೂಲನಿವಾಸಿಗಳ ಕೇರಿ ನೆಲಸಮವಾಯಿತು. ಸ್ಫೋಟದ ಶಕ್ತಿ ಸುಮಾರು 3 ಕಿಲೋಟನ್, ಎಂದರೆ ಹಿರೋಷಿಮಾ ಬಾಂಬಿನ ಐದನೆಯ ಒಂದು ಪಾಲು. ಹಡಗಿನ ಲಂಗರಿನ ಅರ್ಧ ಟನ್ ತೂಕದ ತುಂಡೊಂದು ಮೂರು ಕಿಲೋಮೀಟರಿಗೂ ಆಚೆ ಹೋಗಿ ಬಿತ್ತು. ಮರುದಿನ ಹಿಮದ ಬಿರುಗಾಳಿ ಎದ್ದಿತು. ಅಮೆರಿಕದ ಬಾಸ್ಟನ್ ನಗರ ಅದೇ ರಾತ್ರಿ ವೈದ್ಯರನ್ನು ತುಂಬಿದ ರೈಲನ್ನು ಕಳಿಸಿತು. ಅದರ ನೆನಪಿಗೆ 1971ರಿಂದ ಹ್ಯಾಲಿಫಾಕ್ಸಿರುವ ನೋವಾ ಸ್ಕೋಷಿಯ ಪ್ರಾಂತದಿಂದ ಬಾಸ್ಟನ್ನಿಗೆ ಪ್ರತಿ ವರ್ಷ ಒಂದು ಕ್ರಿಸ್‌ಮಸ್ ಮರ ಹೋಗುತ್ತದೆ.

ಸ್ಫೋಟವಾದ ಹನ್ನೊಂದೇ ದಿನಗಳಲ್ಲಿ ದೇಶದಲ್ಲಿ ಚುನಾವಣೆ. ಸೈನ್ಯಕ್ಕೆ ತಾವಾಗಿ ಬರುವವರು ಕಡಿಮೆಯಾಗಿ, ಪ್ರಧಾನಿ ರಾಬರ್ಟ್ ಬೋರ್ಡನ್ 1917ರ ಆಗಸ್ಟಿನಲ್ಲಿ ಕಡ್ಡಾಯ ಸೇನಾಭರ್ತಿಯ ಕಾನೂನನ್ನು ತಂದಿದ್ದರು. ಫ್ರೆಂಚ್ ಮಾತನಾಡುವ ಕ್ವಿಬೆಕ್ ಅದನ್ನು ಬಲವಾಗಿ ವಿರೋಧಿಸಿತು. ಗೆಲ್ಲಬೇಕೆಂದು ಬೋರ್ಡನ್ ಸರ್ಕಾರ ಸೈನಿಕರ ತಾಯಿ, ಹೆಂಡತಿ, ಸಹೋದರಿಯರಿಗೆ ಮತದಾನದ ಹಕ್ಕು ಕೊಟ್ಟು, ಶತ್ರುದೇಶಗಳಿಂದ ಬಂದು 1902ರ ಈಚೆಗೆ ಪೌರರಾದವರಿಂದ ಅದನ್ನು ಕಿತ್ತುಕೊಂಡಿತು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದ ಈ ಚಾತುರ್ಯವನ್ನು ನಾವು ಮೆಚ್ಚಲಾರೆವು. ಸರ್ಕಾರವೇನೋ ಗೆದ್ದಿತು. ಆದರೆ 1918ರ ಈಸ್ಟರ್ ಸಮಯದಲ್ಲಿ ಕ್ವಿಬೆಕ್ ನಗರದ ಗಲಭೆಯಲ್ಲಿ ಸೈನಿಕರ ಗುಂಡಿಗೆ ನಾಲ್ವರು ಸತ್ತರು. ಇಷ್ಟೆಲ್ಲ ಆಗಿ, ಕಡ್ಡಾಯವಾಗಿ ಕರೆದವರಲ್ಲಿ ಫ್ರಾನ್ಸಿನ ರಣರಂಗ ಮುಟ್ಟಿದವರು ಸುಮಾರು 24,000 ಮಂದಿ. 1918ರ ಮೇ ತಿಂಗಳಲ್ಲಿ ಕೇಂದ್ರ ಚುನಾವಣೆಗಳಲ್ಲಿ ಮತದಾನದ ಹಕ್ಕು ಹೆಂಗಸರಿಗೆ ವಿಸ್ತಾರವಾಯಿತು. ಯುದ್ಧದಲ್ಲಿ ಸುಮಾರು 4,000 ಮಂದಿ ಮೂಲನಿವಾಸಿಗಳು ಹೋರಾಡಿದ್ದರೂ, ತಮ್ಮ ಜನಾಂಗದ ಹಕ್ಕುಗಳನ್ನು ಬಿಡದೆ ಮತ ಹಾಕುವ ಅವಕಾಶ ಅವರೆಲ್ಲರಿಗೂ ದೊರೆತದ್ದು 1960ರಲ್ಲಿ.

1919ರಲ್ಲಿ ವರ್ಸೇಲ್ಸ್ ಕೌಲಿಗೆ ಕೆನಡಾದ ಪ್ರತಿನಿಧಿಗಳು ತಮ್ಮದೇ ಹೆಸರಿನಲ್ಲಿ ಸಹಿ ಹಾಕಿದರು. ಮ್ಯಾಕ್‌ನಾಟನ್ 1935ರಲ್ಲಿ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯ ಮುಖ್ಯಸ್ಥರಾದರು. ಆ ಮಂಡಲಿಯೂ 1916ರಲ್ಲಿ ಯುದ್ಧದ ನಡುವೆಯೇ ಹುಟ್ಟಿದ್ದು. ವಿಮಿ ದಿಬ್ಬದ ಮೇಲೆ 1936ರಲ್ಲಿ ಸ್ಮಾರಕವನ್ನು ತೆರೆದರು. ಫ್ರಾನ್ಸಿನಲ್ಲಿ ಮಡಿದು ಗೋರಿಯೂ ಇಲ್ಲದ 11,285 ಮಂದಿಯ ಹೆಸರುಗಳನ್ನು ಅದರ ಗೋಡೆಗಳಲ್ಲಿ ಕೆತ್ತಿದೆ. ಸುತ್ತಲಿನ ನೆಲದ ಬಹುಭಾಗಕ್ಕೆ ಇಂದಿಗೂ ಬೇಲಿಯುಂಟು. ಮಣ್ಣಿನಲ್ಲಿ ಹೂತು ಸಿಡಿಯದೆ ಉಳಿದ ಗುಂಡುಗಳು ಇನ್ನೂ ಇವೆ. ಹ್ಯಾಲಿಫಾಕ್ಸಿನಲ್ಲಿ ಸಿಡಿದ ಪಿಕ್ರಿಕ್ ಆಮ್ಲವನ್ನೇ ಆ ಕಾಲದ ಹಲವು ಗುಂಡುಗಳಲ್ಲಿ ತುಂಬುತ್ತಿದ್ದರು. ಅದು ಲೋಹದೊಡನೆ ಕೂಡಿದರೆ ಪಿಕ್ರೇಟ್ ಎಂಬ ಲವಣಗಳಾಗುತ್ತವೆ. ಇವು ಮೂಲ ಆಮ್ಲಕ್ಕಿಂತಲೂ ಬೇಗ ಸಿಡಿಯುವಂಥವು. ಆದುದರಿಂದ ಅಲ್ಲಿ ಹುಲ್ಲು ಕತ್ತರಿಸಲು ಯಂತ್ರವನ್ನು ಓಡಿಸುವುದಿಲ್ಲ. ಕುರಿಗಳನ್ನು ಮೇಯಲು ಬಿಡುತ್ತಾರೆ.